‘ರನ್’ ಪದಕ್ಕೆ ಎಷ್ಟು ಅರ್ಥ? ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಪ್ರಿಯ ಓದುಗರೇ,

ನಿಮ್ಮ ಪತ್ರ ಓದಿದೆ. ಕೆಲಸದ ಅರ್ಜಿಗೆ ಇಂಗ್ಲಿಷಿನಲ್ಲಿ ನಿಮ್ಮ ಪರಿಚಯ ಬರೆದಿದ್ದೀರಿ. ಅಪ್ಪ ಅಂಗಡಿ ನಡೆಸುತ್ತಾರೆ ಎನ್ನಲು ಮೊದಲು ‘ರನ್ಸ್ ಎ ಶಾಪ್’ ಎಂದಿತ್ತು. ಅದು ತೀರಾ ಸಣ್ಣ ಪದ ಅನ್ನಿಸಿತು. ಸಮಾನಾರ್ಥಕ ಪದಗಳ ಪಟ್ಟಿ ನೋಡಿ ‘ಅಡ್ಮಿನಿಸ್ಟರ್ಸ್ ಎ ಶಾಪ್’ ಎಂದು ತಿದ್ದಿದಿರಿ. ಓದಿದ ಗೆಳೆಯರು ನಕ್ಕರು. ಆಮೇಲೆ ನಿಘಂಟು ತೆಗೆದರೆ ‘ರನ್’ ಒಂದಕ್ಕೇ ಪುಟಗಟ್ಟಲೆ ಅರ್ಥ. ‘ಒಂದು ಪದಕ್ಕೆ ಇಷ್ಟೊಂದು ಅರ್ಥ ಯಾಕೆ? ಇದನ್ನೆಲ್ಲ ಬಾಯಿಪಾಠ ಮಾಡಬೇಕಾ? ಪಟ್ಟಿಯಲ್ಲಿ ಇದ್ದ ಪದವನ್ನೇ ಹಾಕಿದರೂ ತಪ್ಪಾಗಿದ್ದು ಹೇಗೆ?’ ಎಂದು ಕೇಳಿದ್ದೀರಿ.

ನಿಮ್ಮ ಮೊದಲ ವಾಕ್ಯವೇ ಸರಿ ಇತ್ತು. ಅದನ್ನು ಮೊದಲು ಹೇಳಿಬಿಡುತ್ತೇನೆ. ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ಅಲ್ಲಿ ‘ರನ್ಸ್’ ಎಂದೇ ಬರೆಯುತ್ತಾರೆ. ಸಣ್ಣ ಪದ ಬರೆದರೆ ನಮಗೆ ಭಾಷೆ ಬರಲ್ಲ ಅಂದುಕೊಳ್ಳುತ್ತಾರೇನೋ ಎಂಬ ಅಳುಕು ಕಲಿಯುವವರಲ್ಲಿ ಜಾಸ್ತಿ. ಆ ಅಳುಕು ಹೋಗಬೇಕು ಅಂತಲೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

‘ರನ್’ ಪದಕ್ಕೆ ಪುಟಗಟ್ಟಲೆ ಅರ್ಥ ಇರುವುದು ನಿಜ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಕೆಲಸ 1879ರಲ್ಲಿ ಜೇಮ್ಸ್ ಮರ್ರೆ ಅವರ ಕೈಗೆ ಬಂತು. ಮೊದಲ ಕಂತು 1884ರಲ್ಲಿ ಹೊರಬಂತು, ಕೊನೆಯದು 1928ರಲ್ಲಿ. 1989ರ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ನಮೂದು ‘ಸೆಟ್’ ಕ್ರಿಯಾಪದದ್ದು. ಅದೊಂದಕ್ಕೇ 430 ಅರ್ಥ. ಮೂರನೇ ಆವೃತ್ತಿಗಾಗಿ ಪದಗಳನ್ನು ಮತ್ತೆ ನೋಡುತ್ತಾ ಹೋದಾಗ ‘ಮೇಕ್’ ಅದನ್ನು ಹಿಂದೆ ಹಾಕಿತು, ನಂತರ ‘ಪುಟ್’, 2011ರಲ್ಲಿ ‘ರನ್’. ಕ್ರಿಯಾಪದವಾಗಿ ಮಾತ್ರ ಅದಕ್ಕೆ 645 ಅರ್ಥ ಸಿಕ್ಕವು. ಆ ಕೆಲಸ ಮಾಡಿದ ಪೀಟರ್ ಗಿಲಿವರ್ ಅವರಿಗೆ ಸುಮಾರು ಒಂಬತ್ತು ತಿಂಗಳು ಹಿಡಿಯಿತು. ನಿಘಂಟು ಮಾಡುವವರಿಗೇ ಅಷ್ಟು ಸಮಯ ಬೇಕಾದ ಪದ ಇದು. ಒಂದು ಸಂಜೆ ಕೂತು ನೋಡಿದವರಿಗೆ ತಲೆ ತಿರುಗಿದರೆ ಏನಾಶ್ಚರ್ಯ?

ಈ ಅರ್ಥಗಳನ್ನು ಯಾರೂ ಕೂತು ಯೋಚಿಸಿ ಕೊಟ್ಟಿದ್ದಲ್ಲ. ಜನ ಬರೆದ ವಾಕ್ಯಗಳನ್ನು ಮೊದಲು ಕಲೆಹಾಕುತ್ತಾರೆ. ಮರ್ರೆ ಅವರ ಕಾಲದಲ್ಲಿ ಸಾವಿರಾರು ಓದುಗರು ತಾವು ಓದಿದ ಪುಸ್ತಕಗಳಿಂದ ವಾಕ್ಯಗಳನ್ನು ಚೀಟಿಗಳ ಮೇಲೆ ಬರೆದು ಅಂಚೆಯಲ್ಲಿ ಕಳಿಸುತ್ತಿದ್ದರು. ಒಂದೇ ಬಗೆಯ ಚೀಟಿಗಳನ್ನು ಒಂದು ಗುಂಪು ಮಾಡಿ, ಆ ಗುಂಪಿಗೆ ಒಂದು ವಿವರಣೆ ಬರೆದರೆ ಅದೇ ಒಂದು ಅರ್ಥ. ಹಾಗಾಗಿ ಆ 645 ಅಂದರೆ 645 ಬೇರೆ ಬೇರೆ ಸಂಗತಿಗಳು ಎಂದು ತಿಳಿಯಬೇಡಿ. ಬಹಳಷ್ಟು ಒಂದರ ಪಕ್ಕ ಒಂದು ಅಂಟಿಕೊಂಡೇ ಇವೆ. ಎಲ್ಲಿ ಗೆರೆ ಎಳೆಯಬೇಕು ಅನ್ನುವುದು ನಿಘಂಟುಕಾರರ ತೀರ್ಮಾನ.

ಈಗ ‘ಯಾಕೆ’ ಎಂಬ ಪ್ರಶ್ನೆ. ನಮ್ಮ ‘ಓಡು’ ಪದವನ್ನೇ ತಗೊಳ್ಳಿ. ಮಗು ಓಡುತ್ತದೆ, ಗಡಿಯಾರ ಓಡುತ್ತದೆ, ಸಿನಿಮಾ ನೂರು ದಿನ ಓಡುತ್ತದೆ, ಓದಲು ಕೂತರೆ ಮನಸ್ಸು ಎಲ್ಲೋ ಓಡುತ್ತದೆ. ಇವನ್ನು ನಾವ್ಯಾರೂ ಪಟ್ಟಿ ಮಾಡಿಕೊಂಡು ಕಲಿತವರಲ್ಲ. ಹಳೆಯ ಪದವನ್ನು ಹೊಸ ಸಂಗತಿಗೆ ಹಿಗ್ಗಿಸುವುದು ಎಲ್ಲ ಭಾಷೆಗಳಲ್ಲೂ ಇದೆ. ಎಷ್ಟು ದಿನಬಳಕೆಯ ಪದವೋ ಅಷ್ಟು ಜಾಸ್ತಿ ಹಿಗ್ಗುತ್ತದೆ. ‘ರನ್’ ಹಳೆಯ ಇಂಗ್ಲಿಷಿನಲ್ಲೇ ಕಾಲಿನ ಓಟಕ್ಕೂ ನೀರಿನ ಹರಿವಿಗೂ ಸಲ್ಲುತ್ತಿತ್ತು. ಆಮೇಲೆ ಯಂತ್ರಗಳು ಬಂದವು. ರೈಲು ರನ್ ಆಯಿತು, ಕಾರ್ಖಾನೆ ರನ್ ಆಯಿತು. ಕಳೆದ ಶತಮಾನದಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ರನ್ ಆಯಿತು.

ಆದರೆ ಎರಡು ಭಾಷೆಗಳು ಒಂದೇ ದಿಕ್ಕಿನಲ್ಲಿ ಹಿಗ್ಗಬೇಕು ಎಂದೇನಿಲ್ಲ. ತೊಡಕು ಶುರುವಾಗುವುದೇ ಇಲ್ಲಿ. ಇಂಗ್ಲಿಷಿನಲ್ಲಿ ಮೂಗು ‘ರನ್’ ಆದರೆ ಕನ್ನಡದಲ್ಲಿ ಸೋರುತ್ತದೆ. ಬಟ್ಟೆಯ ಬಣ್ಣ ‘ರನ್’ ಆದರೆ ನಾವು ಬಣ್ಣ ಬಿಡುತ್ತದೆ ಅನ್ನುತ್ತೇವೆ. ರಸ್ತೆ ಹಾದುಹೋಗುತ್ತದೆ, ನಲ್ಲಿಯ ನೀರು ಹರಿಯುತ್ತದೆ, ಪತ್ರಿಕೆ ಲೇಖನ ಪ್ರಕಟಿಸುತ್ತದೆ. ಅಲ್ಲೆಲ್ಲ ಇಂಗ್ಲಿಷಿಗೆ ‘ರನ್’ ಸಾಕು. ನನಗೆ ಬಹಳ ಇಷ್ಟವಾದ ಉದಾಹರಣೆ ಚುನಾವಣೆಯದು. ಅಮೆರಿಕದಲ್ಲಿ ಅಭ್ಯರ್ಥಿ ಚುನಾವಣೆಗೆ ‘ರನ್’ ಮಾಡುತ್ತಾರೆ, ಬ್ರಿಟನ್ನಿನಲ್ಲಿ ‘ಸ್ಟ್ಯಾಂಡ್’ ಮಾಡುತ್ತಾರೆ. ನಮ್ಮಲ್ಲೂ ಚುನಾವಣೆಗೆ ನಿಲ್ಲುತ್ತಾರೆ. ಒಂದೇ ಕೆಲಸಕ್ಕೆ ಒಂದು ಕಡೆ ಓಟ, ಇನ್ನೊಂದು ಕಡೆ ನಿಲುವು! ಇದರಲ್ಲಿ ಯಾವುದು ಸರಿ ಎಂದು ಕೇಳುವ ಹಾಗೇ ಇಲ್ಲ. ಜನ ಹಾಗೆ ಹೇಳುತ್ತಾ ಬಂದರು, ಅದೇ ರೂಢಿಯಾಯಿತು.

ಒಂದು ಮಾತು ಇಲ್ಲೇ ಸೇರಿಸುತ್ತೇನೆ. ಮಾಡಿಗೆ ಹೊದಿಸುವ ಹೆಂಚಿಗೂ ‘ಓಡು’ ಅನ್ನುತ್ತಾರೆ. ಅದು ಓಟದಿಂದ ಹಿಗ್ಗಿ ಬಂದ ಅರ್ಥವಲ್ಲ, ಬೇರೆಯೇ ಪದ. ಇಂಗ್ಲಿಷಿನ ‘ಬ್ಯಾಟ್’ ಹಾಗೆಯೇ. ಕ್ರಿಕೆಟ್ ಬ್ಯಾಟಿಗೂ ಬಾವಲಿಗೂ ಹುಟ್ಟಿನಲ್ಲಿ ನಂಟಿಲ್ಲ. ನಿಘಂಟಿನಲ್ಲಿ ಒಂದೇ ಪದ ಎರಡು ಸಲ ಬೇರೆ ಬೇರೆ ನಮೂದಾಗಿ ಬಂದರೆ ಕಾರಣ ಇದೇ.

ಇನ್ನು ನಿಮ್ಮ ‘ಅಡ್ಮಿನಿಸ್ಟರ್’. 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಡಳಿತದ ಮಾತಾಗಿ ಫ್ರೆಂಚ್ ಬಂತು. ಧರ್ಮ ಮತ್ತು ವಿದ್ಯೆಯ ಮಾತು ಲ್ಯಾಟಿನ್. ಮನೆಯ ಮಾತು ಹಳೆಯ ಇಂಗ್ಲಿಷ್. ಹೀಗಾಗಿ ಒಂದೇ ಸಂಗತಿಗೆ ಎರಡು ಮೂರು ಪದ ಉಳಿದುಕೊಂಡವು. ‘ಆಸ್ಕ್’ ಅಂದರೆ ಸುಮ್ನೆ ಕೇಳುವುದು. ‘ಕ್ವೆಶ್ಚನ್’ ಅಂದರೆ ಪ್ರಶ್ನಿಸುವುದು. ‘ಇಂಟರಾಗೇಟ್’ ಅಂದರೆ ಪೊಲೀಸರು ಕೂರಿಸಿ ವಿಚಾರಣೆ ಮಾಡುವುದು. ಪಟ್ಟಿಯಲ್ಲಿ ಮೂರೂ ಒಂದೇ ಸಾಲಿನಲ್ಲಿ ಇರುತ್ತವೆ. ಗೆಳೆಯನ ಹತ್ತಿರ ದಾರಿ ಕೇಳಿದ್ದಕ್ಕೆ ‘ಇಂಟರಾಗೇಟ್’ ಎಂದು ಬರೆದರೆ ಕಥೆಯೇ ಬದಲಾಗುತ್ತದೆ, ಅಲ್ವಾ?

‘ಅಡ್ಮಿನಿಸ್ಟರ್’ ಲ್ಯಾಟಿನ್ ಮೂಲದ್ದು. ಅದರ ಜೊತೆಗಾರರು ಬೇರೆ. ರೋಗಿಗೆ ಔಷಧಿ, ವಿದ್ಯಾರ್ಥಿಗಳಿಗೆ ಪರೀಕ್ಷೆ, ಮಂತ್ರಿಗೆ ಪ್ರಮಾಣವಚನ, ಟ್ರಸ್ಟಿನ ಹಣ: ಇವುಗಳ ಜೊತೆ ಅದು ಸಲೀಸಾಗಿ ಕೂರುತ್ತದೆ. ಅಂಗಡಿಯ ಜೊತೆ ಕೂರುವುದಿಲ್ಲ. ಕನ್ನಡದಲ್ಲೂ ಪ್ರಮಾಣವಚನ ‘ಬೋಧಿಸಿದರು’ ಅನ್ನುತ್ತೇವೆ. ಬೋಧಿಸು, ಕಲಿಸು ಎರಡೂ ಸಮಾನಾರ್ಥಕ ಎಂದು ಶಾಲೆಯಲ್ಲಿ ಓದಿದ್ದೇವೆ. ಹಾಗಂತ ‘ಪ್ರಮಾಣವಚನ ಕಲಿಸಿದರು’ ಎಂದು ಯಾರೂ ಬರೆಯುವುದಿಲ್ಲ. ಜಲ ಅಂದರೆ ನೀರೇ, ಆದರೂ ಬಾಯಾರಿದವರು ಜಲ ಕೇಳುವುದಿಲ್ಲ. ಪದಕ್ಕೆ ಅರ್ಥ ಒಂದೇ ಇದ್ದರೆ ಸಾಲದು. ಅದು ಯಾರ ಜೊತೆ, ಯಾವ ಸಂದರ್ಭದಲ್ಲಿ ಬರುತ್ತದೆ ಅನ್ನುವುದೂ ಗೊತ್ತಿರಬೇಕು. ನಿಮ್ಮ ಪಟ್ಟಿ ಅರ್ಧ ವಿಷಯ ಮಾತ್ರ ಹೇಳಿತು. ತಪ್ಪಾಗಿದ್ದು ಅಲ್ಲಿ.

ಪಟ್ಟಿಯನ್ನು ಪೂರ್ತಿ ದೂರುವುದೂ ಬೇಡ. ಇಂಥ ಪಟ್ಟಿಗಳಲ್ಲಿ ಬಹಳ ಹೆಸರಾದದ್ದು ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯರದು. 1805ರಲ್ಲೇ ಅವರು ಸ್ವಂತ ಬಳಕೆಗೆ ಪದಗಳನ್ನು ಜೋಡಿಸಿಕೊಂಡಿದ್ದರು. ಪುಸ್ತಕವಾಗಿದ್ದು 1852ರಲ್ಲಿ, ಅವರಿಗೆ 73 ವರ್ಷವಾದಾಗ. ಪದ ಗೊತ್ತಿದ್ದೂ ಬರೆಯುವ ಹೊತ್ತಿಗೆ ನೆನಪಿಗೆ ಬಾರದವರಿಗೆ ಅದು ನೆರವು. ಗೊತ್ತಿಲ್ಲದ ಪದವನ್ನು ಅಲ್ಲಿಂದ ಎತ್ತಿ ನೇರ ವಾಕ್ಯಕ್ಕೆ ಹಾಕಿದರೆ ಅಪಾಯ. ಅದರಲ್ಲಿ ಸಿಕ್ಕ ಪದವನ್ನು ಮತ್ತೆ ನಿಘಂಟಿನಲ್ಲಿ ನೋಡಿ, ಉದಾಹರಣೆ ವಾಕ್ಯ ಓದಿ, ಆಮೇಲೆ ಬರೆಯಿರಿ.

ಯಾವ ನಿಘಂಟು? ದೊಡ್ಡ ಆಕ್ಸ್‌ಫರ್ಡ್ ಪದಗಳ ಚರಿತ್ರೆ ತಿಳಿಯಲು ಇರುವಂಥದ್ದು, ಅಲ್ಲಿ ಹಳೆಯ ಅರ್ಥಗಳು ಮೊದಲು ಬರುತ್ತವೆ. ನಿಮಗೆ ಬೇಕಾದದ್ದು ಕಲಿಯುವವರ ನಿಘಂಟು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ತಮ್ಮ ವಿದ್ಯಾರ್ಥಿಗಳ ಕಷ್ಟ ಕಂಡು ಅಂಥದ್ದೊಂದನ್ನು ಮಾಡಿದರು. ಈಗಿನ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಅದರಿಂದಲೇ ಬೆಳೆದದ್ದು. 1987ರ ಕಾಲಿನ್ಸ್ ಕೋಬಿಲ್ಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಜಾನ್ ಸಿಂಕ್ಲೇರ್ ಮತ್ತು ಜೊತೆಗಾರರು ನಿಜವಾದ ಬರಹ, ಮಾತುಗಳನ್ನು ಕಂಪ್ಯೂಟರಿಗೆ ತುಂಬಿ, ಯಾವ ಪದ ಯಾವುದರ ಜೊತೆ ಹೆಚ್ಚು ಬರುತ್ತದೆ ಎಂದು ನೋಡಿ ಅದನ್ನು ಮಾಡಿದರು. ವಿವರಣೆಗಳೂ ಪೂರ್ತಿ ವಾಕ್ಯಗಳಲ್ಲೇ ಇವೆ.

ಬಾಯಿಪಾಠ ಖಂಡಿತ ಬೇಡ. ಓದುವಾಗ ‘ರನ್’ ಹೊಸ ರೀತಿಯಲ್ಲಿ ಕಂಡರೆ ಆ ಇಡೀ ವಾಕ್ಯ ಬರೆದಿಟ್ಟುಕೊಳ್ಳಿ. ‘ರನ್ ಔಟ್ ಆಫ್’ (ಮುಗಿದುಹೋಗು), ‘ರನ್ ಇಂಟು’ (ಅಚಾನಕ್ ಎದುರಾಗು) ಇಂಥವನ್ನು ಒಡೆಯದೆ ಒಂದೇ ಪದದ ಹಾಗೆ ಕಲಿಯಿರಿ.

ಅರ್ಜಿಯ ವಿಷಯಕ್ಕೆ ಬರೋಣ. ‘ಮ್ಯಾನೇಜಸ್ ಎ ಶಾಪ್’ ಎಂದು ಬರೆದರೆ ವ್ಯಾಕರಣ ಸರಿ, ಆದರೆ ಬೇರೆಯವರ ಅಂಗಡಿಯಲ್ಲಿ ಮ್ಯಾನೇಜರ್ ಎಂದು ಓದುವವರು ತಿಳಿಯಬಹುದು. ‘ಓನ್ಸ್’ ಅಂದರೆ ಅಂಗಡಿ ಅವರದು ಅಂತಷ್ಟೇ, ದಿನಾ ಕೂತು ವ್ಯಾಪಾರ ಮಾಡುತ್ತಾರೆ ಅನ್ನುವುದು ಅದರಲ್ಲಿ ಬರುವುದಿಲ್ಲ. ನಿಮ್ಮ ಅಪ್ಪ ತಾವೇ ಬೆಳಿಗ್ಗೆ ಬಾಗಿಲು ತೆಗೆದು ರಾತ್ರಿ ಹಾಕುವವರು ಎಂದು ಬರೆದಿದ್ದೀರಿ. ಅದಕ್ಕೆ ‘ರನ್ಸ್’ ಪದವೇ ಸರಿ. ತಿದ್ದಿದ್ದನ್ನು ಹೊಡೆದುಹಾಕಿ, ಮೊದಲು ಬರೆದಂತೆಯೇ ಕಳಿಸಿ.

– ಸಂ.