ಬುತ್ತಿ ಮರೆತರೂ ಕೊಡೆ ಮರೆಯಬೇಡಿ

ಹೋದ ತಿಂಗಳು ಇದೇ ಪುಟದಲ್ಲಿ ಜಪಾನಿನ ಕನಜಾವ ಎಂಬ ಊರಿನ ಬಗ್ಗೆ ನಾಲ್ಕು ಸಾಲು ಗೀಚಿದ್ದೆ. ನವೆಂಬರ್ ಮೊದಲ ವಾರ ಅಲ್ಲಿ ಐದು ದಿನ ಇದ್ದೆ, ಐದು ದಿನವೂ ಮಳೆ ಹಿಡಿದಿತ್ತು, ಆದರೂ ವಾಪಸ್ ಬರಲು ಮನಸ್ಸಿರಲಿಲ್ಲ ಅಂತ. ಅಷ್ಟಕ್ಕೇ ರಾಶಿ ಪತ್ರ ಬಂದಿವೆ. ಟೋಕಿಯೋ ಬಗ್ಗೆ ಎರಡು ಪುಟ ಬರೆದಾಗ ಯಾರೂ ಒಂದು ಮಾತೂ ಕೇಳಿರಲಿಲ್ಲ. ಇರಲಿ, ಈ ಸಲ ಇಡೀ ಪುಟ ಕನಜಾವಕ್ಕೇ.

ಪ್ರಶ್ನೆ: ಮಗಳಿಗೆ ಕನಜಾವದಲ್ಲಿ ಎರಡು ವರ್ಷದ ಕೆಲಸ ಸಿಕ್ಕಿದೆ. ಮ್ಯಾಪಿನಲ್ಲಿ ನೋಡಿದರೆ ಟೋಕಿಯೋದಿಂದ ಆಚೆ ಬದಿ ಎಲ್ಲೋ ಇದೆ. ಹಳ್ಳಿಯೋ, ಪಟ್ಟಣವೋ? ಚಳಿ ತುಂಬಾನಾ? (ಒಬ್ಬ ತಾಯಿ, ಹಾಸನ)

ಉತ್ತರ: ಹಳ್ಳಿ ಅಲ್ಲ ಅಮ್ಮ, ಗಾಬರಿ ಬೇಡ. ಸುಮಾರು 4.6 ಲಕ್ಷ ಜನ ಇರುವ ಊರು, ಇಶಿಕಾವಾ ಪ್ರಾಂತ್ಯದ ರಾಜಧಾನಿ. ನಮ್ಮ ಬೆಳಗಾವಿಯಷ್ಟು ಅಂದುಕೊಳ್ಳಿ. ಮೊದಲು ಟೋಕಿಯೋದಿಂದ ನಡುವೆ ರೈಲು ಬದಲಿಸಿಕೊಂಡು ಹೋಗಬೇಕಿತ್ತು, ನಾಲ್ಕು ಗಂಟೆ ಹಿಡಿಯುತ್ತಿತ್ತು. 2015ರ ಮಾರ್ಚ್‌ನಲ್ಲಿ ಶಿಂಕಾನ್ಸೆನ್, ಅಂದರೆ ಬುಲೆಟ್ ರೈಲು, ಬಂದ ಮೇಲೆ ವೇಗದ ಗಾಡಿಗೆ ಎರಡೂವರೆ ಗಂಟೆ ಸಾಕು. 2024ರಲ್ಲಿ ಅದೇ ಮಾರ್ಗ ತ್ಸುರುಗಾ ತನಕ ಮುಂದುವರಿಯಿತು. ಇದರಿಂದ ಆದ ತಮಾಷೆ ಏನೆಂದರೆ, ಮುಂಚೆ ಕ್ಯೋಟೋಗೆ ನೇರ ರೈಲಿತ್ತು, ಈಗ ತ್ಸುರುಗಾದಲ್ಲಿ ಇಳಿದು ಪೆಟ್ಟಿಗೆ ಎಳೆದುಕೊಂಡು ಇನ್ನೊಂದು ಗಾಡಿ ಹತ್ತಬೇಕು. ಮಗಳಿಗೆ ಪೆಟ್ಟಿಗೆ ಚಿಕ್ಕದು ಕೊಡಿ.

ಚಳಿ ವಿಷಯ. ಜನವರಿಯ ಸರಾಸರಿ 4 ಡಿಗ್ರಿ, ಅದನ್ನು ತಡೆದುಕೊಳ್ಳಬಹುದು. ತಡೆಯೋಕೆ ಕಷ್ಟ ಆಗೋದು ಒದ್ದೆ. ನೀವು ಹಾಸನದವರು, ಸಕಲೇಶಪುರದ ಮಳೆ ನೋಡಿದ್ದೀರಿ. ಅರಬ್ಬಿ ಸಮುದ್ರದ ಗಾಳಿ ನೀರು ಹೊತ್ತು ಬಂದು ಘಟ್ಟಕ್ಕೆ ಬಡಿದು ಸುರಿಯುತ್ತದೆ ಅಲ್ವಾ, ಅಲ್ಲಿಯೂ ಅದೇ ಲೆಕ್ಕ, ತಿಂಗಳು ಮಾತ್ರ ಬೇರೆ. ಚಳಿಗಾಲದಲ್ಲಿ ಸೈಬೀರಿಯಾದಿಂದ ಒಣ ಗಾಳಿ ಹೊರಡುತ್ತದೆ, ಜಪಾನ್ ಸಮುದ್ರದ ಬೆಚ್ಚಗಿನ ನೀರಿನ ಮೇಲೆ ಹಾದು ಬರುವಾಗ ತೇವ ಕುಡಿಯುತ್ತದೆ, ಬೆಟ್ಟಕ್ಕೆ ತಾಗಿದ ಕೂಡಲೇ ಇಳಿಸಿಬಿಡುತ್ತದೆ. ಹಾಗಾಗಿ ಡಿಸೆಂಬರ್, ಜನವರಿಯಲ್ಲಿ ಟೋಕಿಯೋದಲ್ಲಿ ಬಿಸಿಲು, ಕನಜಾವದಲ್ಲಿ ಮಳೆ, ಆಲಿಕಲ್ಲು, ಹಿಮ, ಎಲ್ಲ ಒಂದೇ ದಿನ. ವರ್ಷಕ್ಕೆ ಸುಮಾರು 2400 ಮಿ.ಮೀ. ಆಗುಂಬೆಯವರು ಇದನ್ನು ಕೇಳಿ ನಗಬಹುದು, ಆದರೆ ಅಲ್ಲಿ ಅದು ಮೂರು ತಿಂಗಳಲ್ಲಿ ಸುರಿದು ಮುಗಿಯೋದಿಲ್ಲ, ವರ್ಷವಿಡೀ ಪಿರಿಪಿರಿ. ಚಳಿಗಾಲದಲ್ಲಿ ಗುಡುಗೂ ಜಾಸ್ತಿ. ಆ ಗುಡುಗಿಗೆ 'ಬುರಿ ಒಕೋಷಿ' ಅಂತಾರೆ, ಬುರಿ ಮೀನನ್ನು ಎಬ್ಬಿಸುವ ಗುಡುಗು. ಅದು ಕೇಳಿಸಿದರೆ ಮೀನಿನ ಸುಗ್ಗಿ ಶುರು ಅಂತ ಲೆಕ್ಕ. 'ಬುತ್ತಿ ಮರೆತರೂ ಕೊಡೆ ಮರೆಯಬೇಡ' ಅನ್ನೋದು ಅಲ್ಲಿನವರ ಗಾದೆ. ರೈಲು ನಿಲ್ದಾಣದ ಮುಂದೆ ದೊಡ್ಡ ಗಾಜಿನ ಚಾವಣಿ ಕಟ್ಟಿದ್ದಾರೆ, ಬಂದವರಿಗೆ ಕೊಡೆ ಹಿಡಿದ ಹಾಗೆ ಇರಲಿ ಅನ್ನೋ ಯೋಚನೆಯಂತೆ.

ಪ್ರಶ್ನೆ: ಕನಜಾವಕ್ಕೂ ನಮ್ಮ ಕಣಜಕ್ಕೂ ಏನಾದರೂ ಸಂಬಂಧ ಇದೆಯೇ ಸಾರ್? (ಹೈಸ್ಕೂಲ್ ವಿದ್ಯಾರ್ಥಿ, ತಿಪಟೂರು)

ಉತ್ತರ: ಇಲ್ಲ ಮರಿ. ಆದರೆ ನಿನ್ನ ಪ್ರಶ್ನೆ ನನಗೆ ಬಹಳ ಹಿಡಿಸಿತು, ಯಾಕೆ ಅಂತ ಹೇಳ್ತೀನಿ.

ಜಪಾನಿ ಭಾಷೆಯಲ್ಲಿ 'ಕನ' ಅಂದರೆ ಚಿನ್ನ, 'ಜಾವ' ಅಂದರೆ ಜೌಗು ನೆಲ. ತೋಗೊರೋ ಅನ್ನೋ ಒಬ್ಬ ಬಡವ ಗೆಡ್ಡೆ ಅಗೆದು ತಂದು ಒರತೆಯಲ್ಲಿ ತೊಳೆದಾಗ ನೀರಿನಲ್ಲಿ ಚಿನ್ನದ ಪುಡಿ ಹೊಳೆಯಿತಂತೆ. ಅದು ಕಥೆ. ಆ ಒರತೆ ಅಂತ ತೋರಿಸುವ ಜಾಗ ಈಗಲೂ ಕೆನ್ರೊಕುಎನ್ ತೋಟದ ಪಕ್ಕದಲ್ಲಿದೆ.

ಇನ್ನು ಕಣಜ. ಅದು ನಿಜವಾಗಿಯೂ ಅಕ್ಕಿಯ ಕಣಜವೇ ಆಗಿತ್ತು ನೋಡು. 1583ರಲ್ಲಿ ಮಾಯೆದಾ ತೋಷಿಇಯೆ ಅನ್ನೋ ಸರದಾರ ಅಲ್ಲಿಯ ಕೋಟೆಗೆ ಬಂದ. ಅವನ ಮನೆತನ ಸುಮಾರು 290 ವರ್ಷ ಆ ಸೀಮೆಯನ್ನು ಆಳಿತು. ಆಗೆಲ್ಲ ಒಬ್ಬ ದೊರೆಯ ಐಶ್ವರ್ಯವನ್ನು ಅಕ್ಕಿಯಲ್ಲಿ ಅಳೆಯುತ್ತಿದ್ದರು. ಅಳತೆಯ ಹೆಸರು 'ಕೊಕು'. ಒಂದು ಕೊಕು ಅಂದರೆ ಸುಮಾರು 150 ಕಿಲೋ, ಒಬ್ಬ ಮನುಷ್ಯನ ಒಂದು ವರ್ಷದ ಊಟ. ಮಾಯೆದಾ ದೊರೆಗಳದ್ದು ಹತ್ತು ಲಕ್ಷ ಕೊಕುಗೂ ಮೇಲೆ. ಟೋಕಿಯೋದಲ್ಲಿ, ಆಗ ಅದರ ಹೆಸರು ಎದೋ, ಕೂತು ದೇಶವನ್ನೇ ಆಳುತ್ತಿದ್ದ ಮಹಾದಂಡನಾಯಕನ, ಅಂದರೆ ಶೋಗನ್‌ನ, ಮನೆತನವನ್ನು ಬಿಟ್ಟರೆ ಅಷ್ಟು ದೊಡ್ಡ ಸೀಮೆ ಜಪಾನಿನಲ್ಲಿ ಇನ್ಯಾರಿಗೂ ಇರಲಿಲ್ಲ.

ಅಷ್ಟು ದುಡ್ಡಿದ್ದರೆ ಅನುಮಾನವೂ ಬೆನ್ನಿಗೇ ಇರುತ್ತದೆ. ಇವನು ಯಾವತ್ತು ತಿರುಗಿ ಬೀಳ್ತಾನೋ ಅಂತ ಶೋಗನ್‌ಗೆ ಕಣ್ಣು. 1600ರಲ್ಲಿ ತೋಷಿಇಯೆಯ ಹೆಂಡತಿ ಮಾತ್ಸು ಒತ್ತೆಯಾಳಾಗಿ ಎದೋಗೆ ಹೋದಳು, 14 ವರ್ಷ ಅಲ್ಲೇ ಇದ್ದಳು. ಮೂರನೇ ದೊರೆ ತೋಷಿತ್ಸುನೆ ಬಗ್ಗೆ ಒಂದು ಕಥೆ ಇದೆ: ತಾನು ಪೆದ್ದ, ತನ್ನಿಂದ ಯಾರಿಗೂ ಅಪಾಯ ಇಲ್ಲ ಅಂತ ತೋರಿಸಿಕೊಳ್ಳಲು ಮೂಗಿನ ಕೂದಲನ್ನು ಕತ್ತರಿಸದೆ ಉದ್ದ ಬಿಟ್ಟುಕೊಂಡು ಓಡಾಡುತ್ತಿದ್ದನಂತೆ! ಕಥೆ ನಿಜವೋ ಸುಳ್ಳೋ, ಅವರ ನಡವಳಿಕೆ ಮಾತ್ರ ಹಾಗೇ ಇತ್ತು. ಸೈನ್ಯಕ್ಕೆ ಸುರಿದರೆ ತಲೆ ಹೋಗುತ್ತದೆ, ಹಾಗಾಗಿ ಚಹಾ ಕೂಟ, 'ನೋ' ಅನ್ನೋ ಅಲ್ಲಿಯ ಹಳೆ ನಾಟಕ, ಅರಗಿನ ಕೆಲಸ, ರೇಷ್ಮೆಗೆ ಬಣ್ಣ ಹಾಕುವ ಕೆಲಸಕ್ಕೆ ಸುರಿದರು. ಕೋಟೆಯಲ್ಲಿ ಆಯುಧ ರಿಪೇರಿ ಮಾಡುತ್ತಿದ್ದ ಕಾರ್ಖಾನೆಯೇ ನಿಧಾನಕ್ಕೆ ಕುಸುರಿ ಕೆಲಸದ ಕಾರ್ಖಾನೆ ಆಗಿಹೋಯಿತು. ಕನಜಾವದಲ್ಲಿ ಇವತ್ತು ನೀನು ನೋಡುವ ಚೆಂದದಲ್ಲಿ ಅರ್ಧ ಈ ಹೆದರಿಕೆಯಿಂದ ಹುಟ್ಟಿದ್ದು ಅಂತ ನನ್ನ ಲೆಕ್ಕ. ಇನ್ನರ್ಧ ಮಳೆಯಿಂದ, ಆ ಮಾತು ಮುಂದೆ ಬರುತ್ತದೆ.

ಪ್ರಶ್ನೆ: ಅಲ್ಲಿ ದೊರೆಗಳಿಗಿಂತ ಮುಂಚೆ ರೈತರೇ ರಾಜ್ಯ ಆಳುತ್ತಿದ್ದರಂತೆ, ಹೌದೇ? (ನಿವೃತ್ತ ಶಿಕ್ಷಕರು, ಧಾರವಾಡ)

ಉತ್ತರ: ಹೌದು ಗುರುಗಳೇ, ಬರೀ ರೈತರಲ್ಲ. ಅಮಿದ ಬುದ್ಧನ ಹೆಸರು ಹೇಳಿದರೆ ಸಾಕು ಮುಕ್ತಿ ಅನ್ನೋ ಪಂಥದ ಅರ್ಚಕರು, ರೈತರು, ಸಣ್ಣಪುಟ್ಟ ಸಮುರಾಯ್ ಯೋಧರು ಸೇರಿ ಕಟ್ಟಿಕೊಂಡ ಕೂಟ ಅದು. 'ಇಕ್ಕೋ ಇಕ್ಕಿ' ಅಂತ ಹೆಸರು. 1488ರಲ್ಲಿ ಅಲ್ಲಿಯ ಅಧಿಪತಿ ತೋಗಾಷಿಯನ್ನು ಉರುಳಿಸಿ ಹೆಚ್ಚುಕಡಿಮೆ ನೂರು ವರ್ಷ ಸೀಮೆಯನ್ನು ತಾವೇ ನೋಡಿಕೊಂಡರು. 1546ರಲ್ಲಿ ಎರಡು ಹೊಳೆಗಳ ನಡುವಿನ ದಿಬ್ಬದ ತುದಿಯಲ್ಲಿ ಒಂದು ಮಠ ಕಟ್ಟಿದರು, ಮಠ ಅಂದರೂ ಕೋಟೆಯಂಥದ್ದೇ. ಸುತ್ತ ಪೇಟೆ ಬೆಳೆಯಿತು. 1580ರಲ್ಲಿ ದಂಡನಾಯಕ ನೊಬುನಾಗಾನ ಸೈನ್ಯ ಅದನ್ನು ಹಿಡಿಯಿತು. ಅದೇ ದಿಬ್ಬದ ಮೇಲೆ ಆಮೇಲೆ ಮಾಯೆದಾ ಕೋಟೆ.

ಆ ದಿಬ್ಬದ ಪಾಡು ಕೇಳಿ: ಮಠ, ಕೋಟೆ, 1881ರಲ್ಲಿ ಬೆಂಕಿ ಬಿದ್ದ ಮೇಲೆ ಸೈನ್ಯದ ಪಾಳೆಯ, ಎರಡನೇ ಮಹಾಯುದ್ಧ ಮುಗಿದ ಮೇಲೆ ವಿಶ್ವವಿದ್ಯಾಲಯ. 1990ರ ದಶಕದಲ್ಲಿ ವಿದ್ಯಾರ್ಥಿಗಳು ಬೆಟ್ಟದ ಕಡೆಗೆ ಹೋದರು, ಈಗ ಅದು ಉದ್ಯಾನ. ಟೋಕಿಯೋ ವಿಶ್ವವಿದ್ಯಾಲಯದ ಪ್ರಸಿದ್ಧ ಕೆಂಪು ಬಾಗಿಲಿದೆಯಲ್ಲ, ಅದೂ ಇವರದ್ದೇ. ಶೋಗನ್ ಮಗಳು ಮಾಯೆದಾ ಮನೆಗೆ ಸೊಸೆಯಾಗಿ ಬಂದಾಗ, 1827ರಲ್ಲಿ, ಅವರ ಎದೋ ಬಂಗಲೆಗೆ ಕಟ್ಟಿಸಿದ್ದು.

ಪ್ರಶ್ನೆ: ಯುದ್ಧದಲ್ಲಿ ಜಪಾನಿನ ಊರುಗಳೆಲ್ಲ ಸುಟ್ಟುಹೋದವು ಅಂತ ಓದಿದ್ದೇನೆ. ಇಲ್ಲಿ ಹಳೆ ಬೀದಿಗಳು ಹೇಗೆ ಉಳಿದವು? (ಕಲಬುರಗಿ)

ಉತ್ತರ: ಬಾಂಬು ಬೀಳಲಿಲ್ಲ, ಅಷ್ಟೇ. ಪಕ್ಕದ ಫುಕುಯಿ 1945ರ ಜುಲೈನಲ್ಲಿ ಸುಟ್ಟಿತು, ಇನ್ನೊಂದು ಪಕ್ಕದ ತೊಯಾಮಾ ಆಗಸ್ಟ್ ಮೊದಲ ವಾರ ಬೂದಿಯಾಯಿತು. ನಡುವಿನ ಕನಜಾವ ಉಳಿಯಿತು. ಅದಕ್ಕೇ ಬೀದಿಗಳು ಇವತ್ತಿಗೂ ಅಂಕುಡೊಂಕು. ನಾಗಮಾಚಿ ಅನ್ನೋ ಸಮುರಾಯ್ ಕೇರಿಯಲ್ಲಿ ಮಣ್ಣಿನ ಗೋಡೆಗಳಿವೆ. ಚಳಿಗಾಲದಲ್ಲಿ ಒದ್ದೆ ಹಿಮ ಮೆತ್ತಿ ಮಣ್ಣು ಕಳಚದಿರಲಿ ಅಂತ ಅವಕ್ಕೆ ಹುಲ್ಲಿನ ಚಾಪೆ ಹೊದಿಸುತ್ತಾರೆ. ನಮ್ಮ ಮಲೆನಾಡಿನಲ್ಲಿ ಮಳೆಗಾಲಕ್ಕೆ ಗೋಡೆಗೆ ತಟ್ಟಿ ಕಟ್ಟುವ ಹಾಗೇ.

ಪ್ರಶ್ನೆ: ನಾವು ಅಡಿಕೆ ತೋಟದವರು. ಊರ ತುಂಬ ಕಾಲುವೆ ಅಂತ ಬರೆದಿದ್ದಿರಿ. ಮಳೆ ಅಷ್ಟಿದ್ದ ಮೇಲೆ ಕಾಲುವೆ ಯಾಕೆ? (ಸಾಗರ)

ಉತ್ತರ: ಈ ಪ್ರಶ್ನೆಗೇ ಕಾಯ್ತಾ ಇದ್ದೆ.

ಮಳೆ ಇದ್ದರೂ ಕೋಟೆ ದಿಬ್ಬದ ಮೇಲಿದೆ. ಸಾಯಿ ಮತ್ತು ಅಸಾನೋ ಹೊಳೆಗಳು ಎರಡೂ ಬದಿಗೆ ಕೆಳಗೆ ಹರಿಯುತ್ತವೆ. ಸಾಯಿ ಗಡಸು, ಅದು ಗಂಡು ಹೊಳೆ. ಅಸಾನೋ ಮೆಲ್ಲಗೆ ಹರಿಯುತ್ತದೆ, ಅದು ಹೆಣ್ಣು ಹೊಳೆ ಅಂತಾರೆ. 1631ರಲ್ಲಿ ಊರಿಗೆ ದೊಡ್ಡ ಬೆಂಕಿ ಬಿತ್ತು, ಕೋಟೆಯೂ ಸುಟ್ಟಿತು, ಆರಿಸಲು ಮೇಲೆ ನೀರಿಲ್ಲ. ಮರುವರ್ಷವೇ ಇತಾಯಾ ಹೇಯಿಶಿರೋ ಅನ್ನೋನಿಗೆ ಕೆಲಸ ಒಪ್ಪಿಸಿದರು. ಅವನು ಸಾಯಿ ಹೊಳೆಯ ಮೇಲ್ಭಾಗದಿಂದ ಸುಮಾರು 11 ಕಿ.ಮೀ. ಕಾಲುವೆ ತಂದ. ಅದರಲ್ಲಿ ಸುಮಾರು ನಾಲ್ಕು ಕಿ.ಮೀ. ಬರೀ ಸುರಂಗ, ಕೈಯಲ್ಲಿ ಕೊರೆದದ್ದು. ಹೆಸರು ತಾತ್ಸುಮಿ ಕಾಲುವೆ. ಒಂದೇ ವರ್ಷದ ಒಳಗೆ ಮುಗಿಯಿತು.

ನೀರೇನೋ ಈಗಿನ ಕೆನ್ರೊಕುಎನ್ ತೋಟದ ಎತ್ತರಕ್ಕೆ ಬಂತು. ಆದರೆ ಕೋಟೆಗೂ ಅದಕ್ಕೂ ನಡುವೆ ಆಳವಾದ ಕಂದಕ. ನಿಮ್ಮಲ್ಲಾದರೆ ಅಡಿಕೆ ದಬ್ಬೆಯಲ್ಲಿ ಅಬ್ಬಿ ನೀರು ತರುತ್ತೀರಿ, ಇಳಿಜಾರು ತಪ್ಪಿದರೆ ನೀರು ನಿಂತುಹೋಗುತ್ತದೆ. ಅವನು ಮುಚ್ಚಿದ ಮರದ ಕೊಳವೆ ಹಾಕಿ ಕಂದಕದ ಕೆಳಗೆ ಇಳಿಸಿ ಆಚೆ ದಡದಲ್ಲಿ ಮೇಲೆತ್ತಿದ. ಮನೆ ಕಟ್ಟುವಾಗ ಮೇಸ್ತ್ರಿ ನೀರು ತುಂಬಿದ ಪೈಪು ಹಿಡಿದು ಮಟ್ಟ ನೋಡ್ತಾನಲ್ಲ, ಒಂದು ತುದಿಯ ನೀರು ಎಷ್ಟು ಎತ್ತರವೋ ಇನ್ನೊಂದು ತುದಿಯಲ್ಲೂ ಅಷ್ಟೇ, ನಡುವೆ ಪೈಪು ಎಷ್ಟು ಜೋತುಬಿದ್ದರೂ ಸರಿ. ಅದೇ ಸೂತ್ರ. ಆಮೇಲೆ ಮರದ ಬದಲು ಕಲ್ಲಿನ ಕೊಳವೆ ಹಾಕಿದರು, ಕಲ್ಲಿಗೆ ದುಂಡಗೆ ತೂತು ಕೊರೆದು ಒಂದಕ್ಕೊಂದು ಜೋಡಿಸಿದ್ದು. ಆ ಕಂದಕ ಈಗ ರಸ್ತೆ, ನಾನು ಅದರ ಮೇಲಿನ ಸೇತುವೆಯಲ್ಲಿ ಹತ್ತು ನಿಮಿಷ ಸುಮ್ನೆ ಕೆಳಗೆ ನೋಡ್ತಾ ನಿಂತಿದ್ದೆ. ತೋಟದಲ್ಲಿ ಒಂದು ಕಾರಂಜಿಯೂ ಇದೆ, 19ನೇ ಶತಮಾನದ್ದು, ಪಂಪು ಇಲ್ಲ, ಮೋಟರು ಇಲ್ಲ. ಮೇಲಿನ ಕೆರೆಯ ನೀರಿನ ಒತ್ತಡಕ್ಕೆ ಸುಮಾರು 3.5 ಮೀಟರ್ ಚಿಮ್ಮುತ್ತದೆ. ಕೆರೆ ಇಳಿದರೆ ಕಾರಂಜಿಯೂ ಕುಗ್ಗುತ್ತದೆ.

ಈಗ ಊರಲ್ಲಿ 55 ಕಾಲುವೆಗಳಿವೆ, ಒಟ್ಟು 150 ಕಿ.ಮೀ. ಮನೆಯ ಗೇಟಿಗೆ ಹೋಗಬೇಕಾದರೆ ಪುಟ್ಟ ಕಲ್ಲಿನ ಸಂಕ ದಾಟಬೇಕು. ನಿಮಗೆ ಅಲ್ಲಿ ಪರದೇಶ ಅನ್ನಿಸೋದೇ ಇಲ್ಲ ನೋಡಿ.

ಪ್ರಶ್ನೆ: ಮರಗಳಿಗೆ ಹಗ್ಗ ಕಟ್ಟಿರುವ ಫೋಟೋ ಹಾಕಿದ್ದಿರಿ. ಅಲಂಕಾರವೇ? (ಉಡುಪಿ)

ಉತ್ತರ: ಅಲ್ಲ, ಆಸರೆ. ಅಲ್ಲಿಯ ಹಿಮ ಒದ್ದೆ, ಭಾರ, ಪೈನ್ ಮರದ ಕೊಂಬೆ ಮುರಿದುಹಾಕುತ್ತದೆ. 1963ರಲ್ಲಿ 181 ಸೆಂ.ಮೀ. ಬಿದ್ದಿತ್ತು, ಆಳು ಮುಳುಗುವಷ್ಟು. ಹಾಗಾಗಿ ಪ್ರತಿ ವರ್ಷ ನವೆಂಬರ್ 1ಕ್ಕೆ ಕೆನ್ರೊಕುಎನ್‌ನಲ್ಲಿ ಈ ಕೆಲಸ ಶುರು. ಹೆಸರು 'ಯುಕಿತ್ಸುರಿ'. ಮೊದಲು ಕರಸಾಕಿ ಪೈನ್ ಅನ್ನೋ ದೊಡ್ಡ ಮರ. ಅದೊಂದಕ್ಕೇ ಐದು ಕಂಬ, ಸುಮಾರು 800 ಹಗ್ಗ. ಮಾಲಿ ಕಂಬದ ತುದಿಯಲ್ಲಿ ಕಾಲು ಸಿಕ್ಕಿಸಿಕೊಂಡು ನಿಂತಿದ್ದ. ಹುಲ್ಲಿನ ಹಗ್ಗದ ಸುರುಳಿಯನ್ನು ಒಂದೊಂದೇ ಬಿಡಿಸಿ ಎಸೆಯುತ್ತಿದ್ದ, ಕೆಳಗಿನವರು ಹಿಡಿದು ಎಳೆದು ಕೊಂಬೆಗೆ ಗಂಟು ಹಾಕುತ್ತಿದ್ದರು. ಮಳೆ ಹನಿ ಹಗ್ಗದ ಮೇಲೆ ಜಾರಿ ಬರ್ತಾ ಇತ್ತು. ಮಧ್ಯಾಹ್ನದ ಹೊತ್ತಿಗೆ ನೋಡಿದರೆ ಮರ ಕೊಡೆ ಬಿಚ್ಚಿದ ಹಾಗಿತ್ತು, ಕಡ್ಡಿ ಮಾತ್ರ, ಬಟ್ಟೆ ಇಲ್ಲ.

ಪ್ರಶ್ನೆ: ನಿಂಜಾ ದೇವಸ್ಥಾನ ನೋಡಿದಿರಾ? (ಬೆಂಗಳೂರು)

ಉತ್ತರ: ನೋಡಿದೆ. ನಿಂಜಾಗಳಿಗೂ ಅದಕ್ಕೂ ಸಂಬಂಧ ಇಲ್ಲ. ಹೊರಗಿನಿಂದ ಎರಡು ಅಂತಸ್ತು, ಒಳಗೆ ನಾಲ್ಕು. 23 ಕೋಣೆ, 29 ಮೆಟ್ಟಿಲುಸಾಲು. ಶೋಗನ್ ಯಾವತ್ತು ಮೇಲೆ ಬೀಳ್ತಾನೋ ಅನ್ನೋ, ಮೇಲೆ ಹೇಳಿದ ಅದೇ ಹೆದರಿಕೆ.

ಪ್ರಶ್ನೆ: ಶುದ್ಧ ಸಸ್ಯಾಹಾರಿಗಳಿಗೆ ಏನು ಗತಿ? (ಶಿರಸಿ)

ಉತ್ತರ: ಕಷ್ಟ. ಅದು ಮೀನಿನ ಊರು, ಓಮಿಚೋ ಮಾರುಕಟ್ಟೆಯಲ್ಲಿ ನವೆಂಬರ್ ಬಂತೆಂದರೆ ಏಡಿಯ ರಾಶಿ. ತರಕಾರಿ ಇಲ್ಲ ಅಂತಲ್ಲ, ತಾವರೆ ಬೇರು, ಸಿಹಿಗೆಣಸು ಸೇರಿ ಹದಿನೈದು 'ಕಾಗಾ ತರಕಾರಿ' ಅಂತ ಪಟ್ಟಿಯೇ ಇದೆ. ಆದರೆ ಬೇಯಿಸುವ ನೀರು 'ದಾಶಿ', ಅದರಲ್ಲಿ ಒಣ ಮೀನು. ಕೇಳದೆ ಸಾರು ಕುಡಿಯಬೇಡಿ. ನಾನು ಮೂರು ದಿನ ಮೊಸರು, ಅನ್ನ, ಹಾಸನದ ತಾಯಿ ಕೊಟ್ಟು ಕಳಿಸಬಹುದಾದಂಥ ಉಪ್ಪಿನಕಾಯಿಯಲ್ಲಿ ಕಳೆದೆ.

ಪ್ರಶ್ನೆ: ಭೂಕಂಪ ಆಗಿದ್ದು ಅಲ್ಲೇ ಅಲ್ಲವೇ? ಹೋಗುವುದು ಕ್ಷೇಮವೇ? (ವಿಜಯಪುರ)

ಉತ್ತರ: 2024ರ ಜನವರಿ 1ರ ಸಂಜೆ, 7.6ರಷ್ಟು ತೀವ್ರತೆ. ಅದರ ಕೇಂದ್ರ ಉತ್ತರಕ್ಕಿರುವ ನೋತೋ ಪರ್ಯಾಯದ್ವೀಪ. ಅಲ್ಲಿಯ ವಾಜಿಮಾ ಊರಿನ ಹಳೆ ಸಂತೆಬೀದಿ ಬೆಂಕಿಗೆ ಹೋಯಿತು, ಅರಗಿನ ಕೆಲಸದವರು ಮನೆ ಕಳೆದುಕೊಂಡರು. ಕನಜಾವದಲ್ಲಿ ಕೋಟೆಯ ಕಲ್ಲಿನ ಗೋಡೆ ಕೆಲವು ಕಡೆ ಕುಸಿಯಿತು, 2004ರಲ್ಲಿ ಕಟ್ಟಿದ ದುಂಡನೆಯ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿ ಚಾವಣಿಯ ಗಾಜು ಬಿದ್ದು ಪ್ರದರ್ಶನ ಕೋಣೆಗಳು ಕೆಲವು ತಿಂಗಳು ಮುಚ್ಚಿದ್ದವು. ಈಗ ಊರು ಎಂದಿನಂತೆ ನಡೆಯುತ್ತಿದೆ. ಹೋಗಿ ಬನ್ನಿ, ದುಡ್ಡು ಅಲ್ಲಿಯೇ ಖರ್ಚು ಮಾಡಿ.

ಪ್ರಶ್ನೆ: ನಾನು ಮೈಸೂರು ಶೈಲಿಯ ಚಿತ್ರ ಬರೆಯುತ್ತೇನೆ. ಜಪಾನಿನ ಚಿನ್ನದ ರೇಕೆಲ್ಲ ಕನಜಾವದ್ದೇ ಅಂತ ಗೆಳತಿ ಹೇಳಿದಳು. ನಮಗೆ ಬರುತ್ತದಾ? (ಮೈಸೂರು)

ಉತ್ತರ: ಎಲ್ಲ ಅಂದರೆ ನೂರಕ್ಕೆ ಸುಮಾರು 99 ಭಾಗ. ಕ್ಯೋಟೋದ ಚಿನ್ನದ ಮಂಟಪಕ್ಕೆ 1980ರ ದಶಕದಲ್ಲಿ ಹೊಸದಾಗಿ ಹೊದಿಸಿದ್ದೂ ಇಲ್ಲಿಯದೇ. ಹಿಂದೆ ಶೋಗನ್ ಈ ಕೆಲಸವನ್ನು ಎದೋ, ಕ್ಯೋಟೋ ಬಿಟ್ಟು ಬೇರೆ ಕಡೆ ಮಾಡಬಾರದು ಅಂತ ಕಟ್ಟು ಮಾಡಿದ್ದ, ಕನಜಾವದವರು ಕದ್ದು ಮಾಡುತ್ತಿದ್ದರು. ಶೋಗನ್ ಹೋದ ಮೇಲೆ ಎದೋದ ಕೆಲಸ ನಿಂತಿತು, ಇವರದ್ದು ಉಳಿಯಿತು.

ಉಳಿಯೋಕೆ ಮಳೆಯೂ ಒಂದು ಕಾರಣ. ನಾಣ್ಯದಷ್ಟು ಚಿನ್ನವನ್ನು ಬಡಿದು ಬಡಿದು ಒಬ್ಬರು ಮಲಗುವ ಚಾಪೆಯಷ್ಟು ಅಗಲ ಮಾಡ್ತಾರೆ, ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗ. ಗಾಳಿ ಒಣಗಿದ್ದರೆ ನಿಮ್ಮ ನೈಲಾನ್ ಸೀರೆ ಮೈಗೆ ಅಂಟುವ ಹಾಗೆ ಅದು ಕಾಗದಕ್ಕೆ, ಬೆರಳಿಗೆ ಅಂಟಿ ಹರಿದುಹೋಗುತ್ತದೆ. ಒದ್ದೆ ಗಾಳಿಯಲ್ಲಿ ಆ ತಂಟೆ ಕಮ್ಮಿ. ಚಿನ್ನದ ನಡುವೆ ಇಡುವ ಕಾಗದವನ್ನು ಹುಲ್ಲಿನ ಬೂದಿಯ ನೀರು, ಪರ್ಸಿಮನ್ ಕಾಯಿ ರಸ, ಮೊಟ್ಟೆ ಬೆರೆಸಿದ್ದರಲ್ಲಿ ಹದ ಮಾಡುತ್ತಾರೆ. ಚಿನ್ನ ಬಡಿಯುವುದಕ್ಕಿಂತ ಕಾಗದ ಹದ ಮಾಡುವುದೇ ಹೆಚ್ಚು ಕೆಲಸ ಅಂತ ಅಲ್ಲಿಯ ಕೆಲಸದವರೊಬ್ಬರು ಹೇಳಿದರು. ಈ ಹಳೆ ಪದ್ಧತಿ 2020ರಲ್ಲಿ ಯುನೆಸ್ಕೋ ಪಟ್ಟಿ ಸೇರಿದೆ. ಎತ್ತುವುದು ಬಿದಿರಿನ ಚಿಮುಟದಿಂದ. ಸುಕ್ಕು ಬಿದ್ದರೆ ಬೆರಳು ಮುಟ್ಟಿಸುವುದಿಲ್ಲ, ನಡುವಿಗೆ ಮೆಲ್ಲಗೆ ಉಫ್ ಅಂತ ಊದಿದರೆ ಹಾಳೆ ತಾನೇ ಹಾಸಿಕೊಳ್ಳುತ್ತದೆ.

ನಿಮಗೆ ಬರುತ್ತದೆ. ಹಾಳೆ ಸುಮಾರು 11 ಸೆಂ.ಮೀ. ಚೌಕ. ಒಂದು ಕಟ್ಟು ತರಿಸಿ, ಮೊದಲು ಚಿಕ್ಕ ಕಿರೀಟದ ಮೇಲೆ ಹಚ್ಚಿ ನೋಡಿ. ನಾನು ತಂದ ಕಟ್ಟಿನಲ್ಲಿ ಮೊದಲ ಹಾಳೆ ನಮ್ಮ ಮನೆಯ ಅಲಮಾರಿನ ಮೇಲೆ ಎಲ್ಲೋ ಇದೆ, ಇವತ್ತಿಗೂ ಸಿಕ್ಕಿಲ್ಲ. ಬಿಚ್ಚುವ ಮುಂಚೆ ಫ್ಯಾನ್ ಆರಿಸಿ.