ಹೈಸ್ಕೂಲ್ ಮೇಷ್ಟ್ರು ಕಂಪ್ಯೂಟರಿನಲ್ಲಿ ಮೊದಲು ಏನು ಕಲಿಯಬೇಕು?

ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ, ಟ್ರೇನಿಂಗ್ ಮೇಲೆ ಟ್ರೇನಿಂಗ್ ಆದರೂ ಕಂಪ್ಯೂಟರ್ ಅಂದರೆ ಅಳುಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನೂ ಗಣಿತದವನೇ, ಜೊತೆಯ ಶಿಕ್ಷಕರಿಗೆ ಇದನ್ನೆಲ್ಲ ಹೇಳಿಕೊಡುವುದೂ ಉಂಟು. ತಪ್ಪು ನಿಮ್ಮದಲ್ಲ ಅಂತಲೇ ನನ್ನ ಲೆಕ್ಕ. ಟ್ರೇನಿಂಗಿನಲ್ಲಿ ಯಾವ ಬಟನ್ ಒತ್ತಬೇಕು ಅಂತ ಹೇಳುತ್ತಾರೆ. ಯಾವ ಪಾಠದಲ್ಲಿ, ಯಾಕೆ ಅನ್ನುವುದು ಬರುವುದೇ ಇಲ್ಲ. ಮುಂದಿನ ಅಪ್‌ಡೇಟಿಗೆ ಬಟನ್ ಜಾಗ ಬದಲಾದರೆ ಕಲಿತದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಶಿಕ್ಷಣ ಸಂಶೋಧಕರಾದ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಹ್ಲರ್ 2006ರಲ್ಲೇ ಹೇಳಿದ್ದರು: ವಿಷಯ, ಕಲಿಸುವ ಬಗೆ, ತಂತ್ರಜ್ಞಾನ ಮೂರನ್ನೂ ಬಿಡಿಬಿಡಿಯಾಗಿ ಕಲಿತರೆ ಸಾಲದು, ಒಟ್ಟಿಗೆ ಬೆಸೆಯಬೇಕು.

ಹಾಗಾಗಿ ಆ್ಯಪ್ ಹುಡುಕಬೇಡಿ, ಬೋರ್ಡ್ ಮೇಲೆ ಕೈಕೊಡುವ ಪಾಠ ಹುಡುಕಿ. ಪ್ಯಾರಾಬೋಲಾ, ಅಂದರೆ ಬಟ್ಟಲಿನ ಹಾಗೆ ಬಾಗಿದ ಗೆರೆ, ತೆಗೆದುಕೊಳ್ಳಿ. ಗಣಿತದ ಗ್ರಾಫ್ ಬಿಡಿಸುವ ಜಿಯೋಜೀಬ್ರಾ ಎಂಬ ಸಾಫ್ಟ್‌ವೇರಿನಲ್ಲಿ ವೈ = ಎ × ಎಕ್ಸ್² ಅಂತ ಟೈಪ್ ಮಾಡಿ, 'ಎ'ಗೆ ಒಂದು ಸ್ಲೈಡರ್ (ಎಳೆದು ಬೆಲೆ ಬದಲಿಸುವ ಗುಂಡಿ) ಇಡಿ. 1ರಿಂದ 3ಕ್ಕೆ ಎಳೆದರೆ ಗೆರೆ ಕಿರಿದಾಗುತ್ತದೆ, ಸೊನ್ನೆಯ ಕಡೆಗೆ ತಂದರೆ ಅಗಲವಾಗುತ್ತದೆ. ಸೊನ್ನೆಗೆ ಬಂದಾಗ ಏನಾಗಬಹುದು? ಇಲ್ಲಿ ಕೈ ನಿಲ್ಲಿಸಿ. ಮಕ್ಕಳು ತಮ್ಮ ಊಹೆಯನ್ನು ನೋಟ್‌ಬುಕ್ಕಿನಲ್ಲಿ ಬಿಡಿಸಲಿ, ಆಮೇಲೆ ಎಳೆಯಿರಿ. ಚಪ್ಪಟೆ ಗೆರೆ! ಋಣ ಸಂಖ್ಯೆಗೆ ಹೋದರೆ ತಲೆಕೆಳಗು. ಎಳೆಯುವುದು ಯಾರಿಗೂ ಬರುತ್ತದೆ. ಎಲ್ಲಿ ನಿಲ್ಲಿಸಬೇಕು ಅನ್ನುವುದು ನಿಮಗೇ ಗೊತ್ತಿರುವುದು, ಅಲ್ವಾ?

ಗೂಗಲ್ ಫಾರ್ಮ್ಸ್ ಕೂಡ ಹಾಗೇ. ಕ್ವಿಜ್ ಮಾಡುವುದು ಸುಲಭ, ತಪ್ಪು ಉತ್ತರಗಳನ್ನು ಆರಿಸುವುದೇ ಕಸುಬು. (ಎ+3)² ಎಷ್ಟು ಅಂತ ಕೇಳಿ. ಸರಿ ಉತ್ತರ ಎ²+6ಎ+9. ಎ²+9 ಒತ್ತಿದವರು ನಡುವಿನ ಪದವನ್ನೇ ಬಿಟ್ಟಿದ್ದಾರೆ. ಎ²+3ಎ+9 ಒತ್ತಿದವರು ಅದನ್ನು ಒಂದೇ ಸಲ ಎಣಿಸಿದ್ದಾರೆ. 2ಎ+6 ಅಂದವರಿಗೆ ವರ್ಗ ಅಂದರೆ ಎರಡರಿಂದ ಗುಣಿಸುವುದು. ಎಷ್ಟು ಜನ ಎಲ್ಲಿ ಎಡವಿದ್ದಾರೆ ಅಂತ ಉತ್ತರಗಳ ಚಾರ್ಟ್ ನೋಡಿದರೆ ತಿಳಿಯುತ್ತದೆ. ಸುಮ್ನೆ ನಾಲ್ಕು ಸಂಖ್ಯೆ ತುಂಬಿದರೆ ಮಾರ್ಕ್ಸ್ ಬಿಟ್ಟು ಬೇರೇನೂ ಸಿಗುವುದಿಲ್ಲ.

ಇನ್ನು ಫೈಲ್ ಎಲ್ಲಿ ಸೇವ್ ಆಯಿತು, ಪಿಡಿಎಫ್ ಮಾಡುವುದು ಹೇಗೆ ಇವೆಲ್ಲ ಬಳಸುತ್ತಾ ಬರುತ್ತವೆ. ಎರಡರಲ್ಲಿ ಮಾತ್ರ ಹುಷಾರು. ಎಕ್ಸೆಲ್‌ನಲ್ಲಿ ಮಾರ್ಕ್ಸ್ ಕಾಲಂ ಒಂದನ್ನೇ ಸಾರ್ಟ್ ಮಾಡಿದರೆ ಹೆಸರುಗಳು ಇದ್ದಲ್ಲೇ ಇರುತ್ತವೆ, ಒಬ್ಬರ ಅಂಕ ಇನ್ನೊಬ್ಬರ ಪಾಲಾಗುತ್ತದೆ. ಆಮೇಲೆ, ಅಂಕಪಟ್ಟಿಯ ಲಿಂಕ್ ಹಂಚುವ ಮೊದಲು ಅದನ್ನು ಯಾರು ನೋಡಬಹುದು, ಯಾರು ತಿದ್ದಬಹುದು ಅಂತ ನೋಡಿಕೊಳ್ಳಿ. ಚಾಟ್‌ಬಾಟ್‌ಗೂ ಮಕ್ಕಳ ಹೆಸರು, ಅಂಕ ಕೊಡಬೇಡಿ. ಅದರಿಂದ ಪ್ರಶ್ನೆ ಬರೆಸಿಕೊಳ್ಳಿ, ಉತ್ತರವನ್ನು ನೀವೇ ಬಿಡಿಸಿ ನೋಡಿ.

ಶಿಕ್ಷಕರ ತಂತ್ರಜ್ಞಾನ ಬಳಕೆಯ ಬಗ್ಗೆ ಯುನೆಸ್ಕೋ 2018ರಲ್ಲಿ ತಂದ ಚೌಕಟ್ಟಿನಲ್ಲಿ 18 ಸಾಮರ್ಥ್ಯಗಳ ಪಟ್ಟಿಯಿದೆ. ಈಗಲೇ ಅದನ್ನು ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಈ ತಿಂಗಳು ಜಿಯೋಜೀಬ್ರಾ ಒಂದೇ ಸಾಕು. ಮೊದಲೇ ಡೌನ್‌ಲೋಡ್ ಮಾಡಿಕೊಂಡರೆ ಕ್ಲಾಸಿನಲ್ಲಿ ನೆಟ್ ಹೋದರೂ ನಡೆಯುತ್ತದೆ.