ಬೀದಿ ರ‍್ಯಾಪ್ ಮರಳಿದ್ದು ತೊಂಬತ್ತರ ದಶಕದ ನಕಲಿನಿಂದಲ್ಲ

ಪ್ರತಿ ಬಾರಿಯ ಪತ್ರಗಳಲ್ಲೂ ಬೀದಿ ರ‍್ಯಾಪ್‌ನ, ಅಂದರೆ ಬೀದಿಯ ಅಪರಾಧ ಬದುಕನ್ನು ಹೇಳುವ ರ‍್ಯಾಪ್‌ನ, ಪುನರುತ್ಥಾನದ ಬಗ್ಗೆ ಇದೇ ಐದಾರು ಪ್ರಶ್ನೆಗಳು ಮಾತು ಬದಲಿಸಿಕೊಂಡು ಬರುತ್ತಿರುವುದರಿಂದ, ಈ ಸಲ ಬೇರೆಲ್ಲವನ್ನೂ ಬದಿಗಿಟ್ಟು ಅವುಗಳಿಗೇ ಉತ್ತರಿಸುತ್ತಿದ್ದೇನೆ. ಸ್ಯಾಂಪಲ್ ಎಂದರೆ ಹಳೆಯ ಮುದ್ರಿಕೆಯಿಂದ ಎತ್ತಿಕೊಂಡ ತುಣುಕು, ಲೂಪ್ ಎಂದರೆ ಮತ್ತೆ ಮತ್ತೆ ಸುತ್ತಿ ಬರುವ ತುಣುಕು; ಇದಕ್ಕಿಂತ ಹೆಚ್ಚಾಗಿ, ಹಿಪ್‌ಹಾಪ್ ಎಲ್ಲಿ ಹುಟ್ಟಿತು ಎಂಬುದನ್ನೆಲ್ಲ, ಇಲ್ಲಿ ವಿವರಿಸುವುದಿಲ್ಲ. ಅಷ್ಟೂ ತಿಳಿಯದವರು ಈ ಅಂಕಣದ ತನಕ ಬರಲಾರರು.

ಪ್ರಶ್ನೆ: ರಾಕ್ ಮಾರ್ಸಿಯಾನೊ, ಕಾ, ಗ್ರಿಸೆಲ್ಡಾ ಬಳಗ ಮುಂತಾದವರು 1990ರ ದಶಕದ ನ್ಯೂಯಾರ್ಕ್ ರ‍್ಯಾಪ್ ಅನ್ನೇ ನಕಲು ಮಾಡುತ್ತಿದ್ದಾರಲ್ಲವೇ? ಅವರ ಮೇಲಿನ ಪ್ರಭಾವಗಳನ್ನು ಒಂದು ಪಟ್ಟಿ ಮಾಡಿ ಕೊಡಿ.

ಪಟ್ಟಿ ಕೊಡುವುದಿಲ್ಲ. ಈ ವಿಷಯವನ್ನು ಕೆಡಿಸಿರುವುದೇ ಪಟ್ಟಿಗಳು. ಹಳೆಯ ಹತ್ತು ಆಲ್ಬಮ್‌ಗಳ ಹೆಸರನ್ನು ಎಡಗಡೆ ಬರೆದು, ಹೊಸಬರ ಹೆಸರನ್ನು ಬಲಗಡೆ ಬರೆದು, ನಡುವೆ ಬಾಣ ಎಳೆದರೆ ಇತಿಹಾಸ ಹೇಳಿದಂತಾಯಿತು ಎಂದು ನಂಬಿರುವವರು ಬಹಳ ಮಂದಿ ಇದ್ದಾರೆ.

ಋಣ ಇರುವುದು ನಿಜ. ಅಪರಾಧ ಲೋಕದ ಕಥನವನ್ನು ಬಿಗಿಯಾದ ಒಳಪ್ರಾಸಗಳಲ್ಲಿ ಹೇಳುವ ದಾರಿಯನ್ನು 1980ರ ದಶಕದ ಕೊನೆಯಲ್ಲಿ ತೆರೆದವರು ನ್ಯೂಯಾರ್ಕ್‌ನ ಕ್ವೀನ್ಸ್ ಭಾಗದ ಕೂಲ್ ಜಿ ರ‍್ಯಾಪ್. ನ್ಯೂಯಾರ್ಕ್‌ನ ವು-ಟ್ಯಾಂಗ್ ರ‍್ಯಾಪ್ ಬಳಗದ ರೇಕ್ವಾನ್ 1995ರಲ್ಲಿ ಗೋಸ್ಟ್‌ಫೇಸ್ ಕಿಲ್ಲಾ ಅವರನ್ನು ಜೊತೆಗಿಟ್ಟುಕೊಂಡು ಅದನ್ನು ಇಡೀ ಆಲ್ಬಮ್‌ನ ಉದ್ದಕ್ಕೆ ಒಂದೇ ಕಥೆಯಂತೆ ಹರಡಿದರು. ಅದೇ ವರ್ಷ ಕ್ವೀನ್ಸ್‌ಬ್ರಿಜ್ ವಸತಿ ಸಮುಚ್ಚಯದ ಮಾಬ್ ಡೀಪ್ ಜೋಡಿ ಆ ಬದುಕಿನೊಳಗಿನ ಭಯವನ್ನು ಕೇಳಿಸಿತು. ಇದನ್ನು ಹೊಸಬರು ಯಾರೂ ಮುಚ್ಚಿಟ್ಟಿಲ್ಲ, ಕೇಳುವವರ ಕಿವಿಗೂ ಇದು ತಪ್ಪುವಂಥದ್ದಲ್ಲ.

ಆದರೆ ನಕಲಿನಿಂದಲೇ ಪುನರುತ್ಥಾನ ಆಗುವುದಾಗಿದ್ದರೆ ಅದು 2010ರ ತನಕ ಕಾಯಬೇಕಾಗಿರಲಿಲ್ಲ. ಹೊಸ ಶತಮಾನದ ಮೊದಲ ಹತ್ತು ವರ್ಷಗಳ ಉದ್ದಕ್ಕೂ ತೊಂಬತ್ತರ ದಶಕವನ್ನು ಶ್ರದ್ಧೆಯಿಂದ ನಕಲು ಮಾಡಿದವರು ಬೇಕಾದಷ್ಟು ಮಂದಿ ಇದ್ದರು. ದಪ್ಪ ಡ್ರಮ್, ಪಲ್ಲವಿಯ ಜಾಗದಲ್ಲಿ ಟರ್ನ್‌ಟೇಬಲ್ ಸ್ಕ್ರ್ಯಾಚ್ (ತಿರುಗುವ ಧ್ವನಿತಟ್ಟೆಯನ್ನು ಕೈಯಿಂದ ಹಿಂದೆ ಮುಂದೆ ಎಳೆದ ಸದ್ದು), ‘ನಿಜವಾದ ಹಿಪ್‌ಹಾಪ್ ಸತ್ತುಹೋಯಿತು’ ಎಂಬ ಗೊಣಗಾಟ, ಇವೆಲ್ಲವೂ ಅವರಲ್ಲಿತ್ತು. ಅವರಿಂದ ಏನೂ ಮರಳಿ ಬರಲಿಲ್ಲ, ಏಕೆಂದರೆ ಅವರು ಕಾಪಿಟ್ಟುಕೊಂಡಿದ್ದು ಹೊರಗಿನ ವೇಷವನ್ನು ಮಾತ್ರ.

ತಿರುವು ಕಾಣಿಸಿಕೊಂಡದ್ದು 2010ರ ‘ಮಾರ್ಕ್‌ಬರ್ಗ್’ ಆಲ್ಬಮ್‌ನಲ್ಲಿ. ಲಾಂಗ್ ಐಲೆಂಡ್‌ನ ಹೆಂಪ್‌ಸ್ಟೆಡ್‌ನವರಾದ ರಾಕ್ ಮಾರ್ಸಿಯಾನೊ, ರ‍್ಯಾಪರ್ ಬಸ್ಟಾ ರೈಮ್ಸ್ ಅವರ ಬಳಗವಾದ ಫ್ಲಿಪ್‌ಮೋಡ್ ಸ್ಕ್ವಾಡ್‌ನಲ್ಲಿ ಒಂದಷ್ಟು ಕಾಲ ಇದ್ದು, ದೊಡ್ಡ ಕಂಪನಿಗಳ ದಾರಿ ತನಗೆ ಒದಗುವುದಿಲ್ಲವೆಂದು ಕಂಡ ಮೇಲೆ, ಬೀಟ್‌ಗಳನ್ನೂ (ರ‍್ಯಾಪ್‌ನ ಹಿನ್ನೆಲೆ ಸಂಗೀತವನ್ನೂ) ತಾವೇ ಕಟ್ಟಿಕೊಂಡು ಈ ಆಲ್ಬಮ್ ಮಾಡಿದರು. ಅದರಲ್ಲಿಯೂ, ಅದಕ್ಕಿಂತ ಹೆಚ್ಚಾಗಿ 2012ರ ‘ರೀಲೋಡೆಡ್’ನಲ್ಲಿಯೂ, ಡ್ರಮ್ ಹಿಂದಕ್ಕೆ ಸರಿಯುತ್ತದೆ, ಕೆಲವು ಕಡೆ ಇಲ್ಲವೇ ಇಲ್ಲ. ತೊಂಬತ್ತರ ದಶಕದ ನ್ಯೂಯಾರ್ಕ್‌ಗೆ ಡ್ರಮ್ಮೇ ಬೆನ್ನೆಲುಬಾಗಿತ್ತು ಎಂಬುದನ್ನು ನೆನಪಿಟ್ಟುಕೊಂಡರೆ, ಇವರನ್ನು ನಕಲುಗಾರರು ಎನ್ನುವುದು ಎಷ್ಟು ಹಗುರವಾದ ಮಾತೆಂದು ತಿಳಿದೀತು.

ಡ್ರಮ್ ತೆಗೆದರೆ ಆಗುವುದೇನು? ಕಾಲ ಹಿಡಿಯುವ ಹೊಣೆ ಪೂರ್ತಿಯಾಗಿ ಹಾಡುವವನ ಉಸಿರಿನ ಮೇಲೆ ಬೀಳುತ್ತದೆ. ಧ್ವನಿ ಎತ್ತರಿಸುವ ಅಗತ್ಯ ಇಲ್ಲವಾಗಿ, ಪಕ್ಕದಲ್ಲಿ ಕುಳಿತವನಿಗೆ ಹೇಳುವಷ್ಟು ಮೆಲುದನಿಯಲ್ಲಿ ಮಾತಾಡಬಹುದು. ಪ್ರಾಸದ ಸೂಕ್ಷ್ಮಗಳು, ಸಾಲಿನ ಮಧ್ಯದಲ್ಲಿ ಬೇಕೆಂದೇ ಬಿಟ್ಟ ಖಾಲಿ ಜಾಗಗಳು, ಒಂದು ಬೆದರಿಕೆಯನ್ನು ಹೇಳದೆಯೇ ತಿಳಿಸುವ ರೀತಿ, ಎಲ್ಲವೂ ಮುಂದಕ್ಕೆ ಬರುತ್ತವೆ. ಕುಣಿಯಲು ಇದು ಒದಗುವುದಿಲ್ಲ, ರೇಡಿಯೊಗೂ ಒದಗುವುದಿಲ್ಲ. ಎರಡನ್ನೂ ಮೊದಲೇ ಕೈಬಿಟ್ಟವರು ಮಾತ್ರ ಮಾಡಬಹುದಾದ ಸಂಗೀತ ಇದು.

ಈ ರೂಪಕ್ಕೆ ಪೂರ್ವಜರು ಇಲ್ಲವೆಂದಲ್ಲ, ಜನ ಹುಡುಕುವ ಕಡೆಯಲ್ಲಿ ಅವರು ಇಲ್ಲ. ಗೋಸ್ಟ್‌ಫೇಸ್ 2004ರಲ್ಲಿ ಡೆಲ್ಫಾನಿಕ್ಸ್ ತಂಡದ ಹಳೆಯ ಸೋಲ್ (ಕಪ್ಪು ಅಮೆರಿಕನ್ನರ ಸಂಗೀತ ಪ್ರಕಾರ) ಹಾಡೊಂದನ್ನು ಕತ್ತರಿಸದೆ ಹಾಗೆಯೇ ಓಡಬಿಟ್ಟು ಅದರ ಮೇಲೆ ರ‍್ಯಾಪ್ ಮಾಡಿದ್ದರು. ಅದೇ ವರ್ಷ ರ‍್ಯಾಪರ್ ಎಂಎಫ್ ಡೂಮ್ ಮತ್ತು ಬೀಟ್‌ಕಾರ ಮ್ಯಾಡ್‌ಲಿಬ್ ಸೇರಿ ತಂದ ‘ಮ್ಯಾಡ್‌ವಿಲನಿ’ಯಲ್ಲಿ ಹಾಡುಗಳು ಎರಡು ನಿಮಿಷಕ್ಕೇ ಮುಗಿಯುತ್ತವೆ, ಹೆಚ್ಚಿನವಕ್ಕೆ ಪಲ್ಲವಿಯೇ ಇಲ್ಲ, ಲೂಪ್ ಎಲ್ಲಿಂದಲೋ ಶುರುವಾಗಿ ಎಲ್ಲಿಯೋ ನಿಲ್ಲುತ್ತದೆ. ಬೀಟ್‌ಕಾರ ಜೆ ಡಿಲ್ಲಾ ಅವರ 2006ರ ‘ಡೋನಟ್ಸ್’ ಆ ತುಣುಕು ತುಣುಕಾದ ರೂಪವನ್ನೇ ಪೂರ್ಣ ಕೃತಿಯೆಂದು ಒಪ್ಪಿಸಿತು. ಆಗ ಇವನ್ನು ಯಾರೂ ಬೀದಿ ರ‍್ಯಾಪ್ ಎನ್ನುತ್ತಿರಲಿಲ್ಲ. ನನ್ನ ವಾದ ಇಷ್ಟೆ: 1995ರ ವಸ್ತುವನ್ನು 2004ರ ರೂಪದೊಳಗೆ ಇಟ್ಟದ್ದೇ ಈ ಪುನರುತ್ಥಾನ. ಅರ್ಧವನ್ನು ಮಾತ್ರ ಕೇಳಿದವರಿಗೆ ಅದು ನಕಲಾಗಿ ಕಾಣುತ್ತದೆ.

ಇನ್ನೊಂದು ಪ್ರಭಾವ ಯಾವ ಧ್ವನಿಮುದ್ರಿಕೆಯಲ್ಲೂ ಸಿಗುವುದಿಲ್ಲ, ಅದು ವಯಸ್ಸು. ‘ಮಾರ್ಕ್‌ಬರ್ಗ್’ ಬಂದಾಗ ಮಾರ್ಸಿಯಾನೊ ಅವರಿಗೆ ಮೂವತ್ತು ದಾಟಿತ್ತು. ಬ್ರೂಕ್ಲಿನ್‌ನ ಬ್ರೌನ್ಸ್‌ವಿಲ್‌ನಲ್ಲಿ ಬೆಳೆದು, ನ್ಯೂಯಾರ್ಕ್ ಅಗ್ನಿಶಾಮಕ ಇಲಾಖೆಯಲ್ಲಿ ಕ್ಯಾಪ್ಟನ್ ಆಗಿ ದುಡಿದ ಕಾ, 2012ರಲ್ಲಿ ‘ಗ್ರೀಫ್ ಪೆಡಿಗ್ರೀ’ ತಂದಾಗ ನಲವತ್ತರ ಹೊಸ್ತಿಲಲ್ಲಿದ್ದರು. 2024ರ ಅಕ್ಟೋಬರ್‌ನಲ್ಲಿ 52ನೆಯ ವಯಸ್ಸಿನಲ್ಲಿ ತೀರಿಕೊಳ್ಳುವ ತನಕ ಬಹುತೇಕ ಪಿಸುಮಾತಿನಲ್ಲೇ ಹಾಡಿದರು. ಇವರ ತಲೆಮಾರಿನ ಹುಡುಗರು ಬೆಳೆದದ್ದು 1986ರ ಅಮೆರಿಕದ ಮಾದಕವಸ್ತು ಕಾನೂನಿನ ಕೆಳಗೆ. ಆ ಕಾನೂನು 5 ಗ್ರಾಂ ಕ್ರ್ಯಾಕ್‌ಗೆ (ಸೇದುವ ಕೊಕೇನ್‌ಗೆ) ವಿಧಿಸಿದ ಕನಿಷ್ಠ 5 ವರ್ಷದ ಸೆರೆಯನ್ನು ಪುಡಿ ಕೊಕೇನ್‌ಗೆ ವಿಧಿಸಲು 500 ಗ್ರಾಂ ಬೇಕೆನ್ನುತ್ತಿತ್ತು. ಈ ನೂರಕ್ಕೆ ಒಂದರ ತಾರತಮ್ಯ ಹದಿನೆಂಟಕ್ಕೆ ಒಂದಾಗಿ ಇಳಿದದ್ದು 2010ರಲ್ಲಿ. ತೊಂಬತ್ತರ ದಶಕದ ಆಲ್ಬಮ್‌ಗಳಲ್ಲಿ ಇಪ್ಪತ್ತರ ಹುಡುಗರು ಬೀದಿಯ ಮಧ್ಯೆ ನಿಂತು ಮಾತಾಡುತ್ತಿದ್ದರು. ಇವರು ಆ ಬೀದಿಯನ್ನು ದಾಟಿ ಬಂದು, ಯಾರು ಸತ್ತರು, ಯಾರು ಒಳಗಿದ್ದಾರೆ ಎಂಬ ಲೆಕ್ಕ ತಿಳಿದ ಮೇಲೆ ಮಾತಾಡುತ್ತಿದ್ದಾರೆ. ಒಂದೇ ವಸ್ತುವಾದರೂ ಕ್ರಿಯಾಪದದ ಕಾಲ ಬೇರೆ.

ಇನ್ನು ಬಫಲೊ. ಗ್ರಿಸೆಲ್ಡಾ ಬಳಗವನ್ನು ನ್ಯೂಯಾರ್ಕ್ ನಗರದ್ದೆಂದು ಬರೆಯುವವರಿಗೆ ನಕ್ಷೆ ನೋಡುವ ಅಭ್ಯಾಸವಿಲ್ಲ. ಬಫಲೊ ಇರುವುದು ರಾಜ್ಯದ ಇನ್ನೊಂದು ತುದಿಯಲ್ಲಿ, ಕೆನಡಾದ ಗಡಿಯಲ್ಲಿ. ಪಕ್ಕದ ಲ್ಯಾಕವಾನಾದ ಉಕ್ಕಿನ ಕಾರ್ಖಾನೆ 1980ರ ದಶಕದಲ್ಲಿ ಬಹುಪಾಲು ಮುಚ್ಚಿಹೋಯಿತು, 1950ರಲ್ಲಿ 5.8 ಲಕ್ಷವಿದ್ದ ನಗರದ ಜನಸಂಖ್ಯೆ 2010ಕ್ಕೆ 2.6 ಲಕ್ಷಕ್ಕೆ ಇಳಿದಿತ್ತು. ವೆಸ್ಟ್‌ಸೈಡ್ ಗನ್ 2012ರಲ್ಲಿ ಗ್ರಿಸೆಲ್ಡಾವನ್ನು ಕಟ್ಟಿದ್ದು ಇಂಥ ಊರಿನಲ್ಲಿ, ತಮ್ಮ ಮಲಸಹೋದರ ಕಾನ್ವೇ ಮತ್ತು ಸೋದರಬಂಧು ಬೆನ್ನಿ ದ ಬುಚರ್ ಅವರನ್ನು ಸೇರಿಸಿಕೊಂಡು. ರಾಜಧಾನಿ ಮರೆತ ಶೈಲಿಯನ್ನು ದೂರದ ಊರು ಉಳಿಸಿಕೊಂಡಿರುವುದು ಕಲೆಯ ಇತಿಹಾಸದಲ್ಲಿ ಹೊಸತಲ್ಲ. ನ್ಯೂಯಾರ್ಕ್ ನಗರವೇ ದಕ್ಷಿಣದ ರಾಜ್ಯಗಳ ಶೈಲಿಯತ್ತ ಹೊರಳಿದ ಮೇಲೂ ಇಲ್ಲಿ ಡೇರಿಂಜರ್ ಎಂಬ ಬೀಟ್‌ಕಾರರು ಆ ಮಂಕಾದ, ಧೂಳು ಹಿಡಿದಂಥ ಲೂಪ್‌ಗಳನ್ನು ಬಿಡಲಿಲ್ಲ. ಕಾನ್ವೇ ಅವರ ಉಚ್ಚಾರಣೆಯ ಆ ಎಳೆತವನ್ನು ಶೈಲಿ ಎಂದು ಹೊಗಳುವವರಿಗೆ ಒಂದು ಮಾತು: 2012ರಲ್ಲಿ ತಲೆಗೂ ಕುತ್ತಿಗೆಗೂ ಗುಂಡು ತಗುಲಿ ಅವರ ಮುಖದ ಒಂದು ಭಾಗ ಪಾರ್ಶ್ವವಾಯುವಿಗೆ ಒಳಗಾಯಿತು. ಅದಕ್ಕೆ ಪೂರ್ವಜರನ್ನು ಹುಡುಕಬೇಡಿ. ರ‍್ಯಾಪ್ ತಾರೆ ಎಮಿನೆಮ್ ಈ ಬಳಗದವರನ್ನು ‘ಕಂಡುಹಿಡಿದರು’ ಎಂಬ ಕಥೆಯನ್ನೂ ನಿಲ್ಲಿಸಬೇಕು. ಎಮಿನೆಮ್ ಅವರ ಧ್ವನಿಮುದ್ರಣ ಕಂಪನಿಯೊಂದಿಗೆ ಒಪ್ಪಂದವಾದದ್ದು 2017ರಲ್ಲಿ, ಅಷ್ಟರಲ್ಲಿ ಈ ಬಳಗದ ಮುಖ್ಯ ಕೆಲಸಗಳು ಕೆಲವು ಆಗಲೇ ಹೊರಬಂದಿದ್ದವು.

ಎರಡು ಕಾಲಗಳಿಗೂ ಸೇರಿದ ಸಾಕ್ಷಿ ಬೇಕೆಂದರೆ ದಿ ಆಲ್ಕೆಮಿಸ್ಟ್ ಇದ್ದಾರೆ. ತೊಂಬತ್ತರ ದಶಕದ ಕೊನೆಯಿಂದ ಮಾಬ್ ಡೀಪ್‌ಗೆ ಬೀಟ್ ಮಾಡಿದ ಇವರೇ 2020ರಲ್ಲಿ ಡೆಟ್ರಾಯಿಟ್‌ನ ಬೋಲ್ಡಿ ಜೇಮ್ಸ್ ಅವರಿಗೂ ಇಂಡಿಯಾನಾದ ಫ್ರೆಡಿ ಗಿಬ್ಸ್ ಅವರಿಗೂ ಒಂದೊಂದು ಆಲ್ಬಮ್ ಕಟ್ಟಿಕೊಟ್ಟರು. ಗಿಬ್ಸ್ ಅವರೊಂದಿಗಿನದು ಗ್ರ್ಯಾಮಿಯ ಅತ್ಯುತ್ತಮ ರ‍್ಯಾಪ್ ಆಲ್ಬಮ್ ವಿಭಾಗಕ್ಕೆ ನಾಮನಿರ್ದೇಶನಗೊಂಡಿತು. ಎರಡು ಕಾಲದ ಕೆಲಸಗಳನ್ನು ಒಟ್ಟಿಗೆ ಕೇಳಿ, ಒಬ್ಬನೇ ಮನುಷ್ಯ ವರ್ಷದಿಂದ ವರ್ಷಕ್ಕೆ ಏನೇನು ತೆಗೆದುಹಾಕುತ್ತ ಬಂದ ಎಂಬುದನ್ನು ಗಮನಿಸಿ.

ಕೊನೆಯದಾಗಿ ಹಣ, ಅಭಿಮಾನಿಗಳು ಮಾತಾಡಲು ಹಿಂಜರಿಯುವ ಪ್ರಭಾವ. 1996ರ ಅಮೆರಿಕದ ದೂರಸಂಪರ್ಕ ಕಾಯ್ದೆಗೆ ಮುನ್ನ ಒಂದು ಕಂಪನಿ ದೇಶದಲ್ಲಿ 40ಕ್ಕಿಂತ ಹೆಚ್ಚು ರೇಡಿಯೊ ಕೇಂದ್ರಗಳನ್ನು ಹೊಂದುವಂತಿರಲಿಲ್ಲ. ಮಿತಿ ಹೋದ ಮೇಲೆ ಕ್ಲಿಯರ್ ಚಾನೆಲ್ ಒಂದೇ 1,200ಕ್ಕೂ ಹೆಚ್ಚು ಕೇಂದ್ರಗಳನ್ನು ಕಲೆಹಾಕಿತು, ಊರೂರಿನ ಹಾಡಿನ ಪಟ್ಟಿಗಳು ಒಂದೇ ಆದವು. ಅಂಡರ್‌ಗ್ರೌಂಡ್ ರ‍್ಯಾಪ್‌ನ ನೆಲೆಯಾಗಿದ್ದ ಫ್ಯಾಟ್ ಬೀಟ್ಸ್‌ನ ನ್ಯೂಯಾರ್ಕ್ ಧ್ವನಿತಟ್ಟೆ ಅಂಗಡಿ 2010ರಲ್ಲಿ ಬಾಗಿಲು ಹಾಕಿತು. ಉಳಿದದ್ದು ನೇರ ಮಾರಾಟ. ಲಾಸ್ ಏಂಜಲೀಸ್‌ನ ನಿಪ್ಸಿ ಹಸಲ್ 2013ರಲ್ಲಿ ಒಂದು ಮಿಕ್ಸ್‌ಟೇಪಿನ (ಸ್ವಂತವಾಗಿ ಹೊರತಂದ ಹಾಡುಗಳ ಸಂಗ್ರಹದ) 1,000 ಪ್ರತಿಗಳನ್ನು ತಲಾ 100 ಡಾಲರ್‌ಗೆ ಮಾರಿ, ಅದರಲ್ಲಿ 100 ಪ್ರತಿಗಳನ್ನು ರ‍್ಯಾಪ್ ತಾರೆ ಜೇ-ಜೀ ಅವರೇ ಕೊಂಡಾಗ, ಶೈಲಿಯಲ್ಲಿ ನಿಪ್ಸಿ ಅವರಿಗೆ ಏನೂ ಸಂಬಂಧವಿಲ್ಲದವರೂ ಲೆಕ್ಕ ಕಲಿತರು. ಮಾರ್ಸಿಯಾನೊ ಮುಂದೆ ಹೊಸ ಆಲ್ಬಮ್ ಅನ್ನು ಸ್ಟ್ರೀಮಿಂಗ್‌ಗೆ ಹಾಕುವ ಮೊದಲು ತಮ್ಮ ಜಾಲತಾಣದಲ್ಲೇ ಮಾರಿದರು. ಗ್ರಿಸೆಲ್ಡಾದ ವಿನೈಲ್ ಧ್ವನಿತಟ್ಟೆಗಳು ಕಡಿಮೆ ಸಂಖ್ಯೆಯಲ್ಲಿ ಮುದ್ರಣಗೊಂಡು ಸಂಗ್ರಾಹಕರ ನಡುವೆ ಕೈ ಬದಲಾಯಿಸಿದವು. ಹೆಚ್ಚು ಬೆಲೆ ಕೊಡುವ ಕೆಲವೇ ಸಾವಿರ ಜನ ಸಾಕೆಂದಾದ ಮೇಲೆ ರೇಡಿಯೊಗಾಗಿ ಪಲ್ಲವಿ ಬರೆಯುವ ಹಂಗಿಲ್ಲ. ಡ್ರಮ್ ಇಲ್ಲದ ಲೂಪಿಗೂ ಈ ವ್ಯಾಪಾರಕ್ಕೂ ನಂಟಿದೆ, ಒಂದಿಲ್ಲದಿದ್ದರೆ ಇನ್ನೊಂದು ಬಾಳುತ್ತಿರಲಿಲ್ಲ.

ಪ್ರಶ್ನೆ: ಹಳೆಯ ಹಾಡಿನಿಂದ ಆರು ಸೆಕೆಂಡಿಗಿಂತ ಕಡಿಮೆ ತೆಗೆದರೆ ಅನುಮತಿ ಬೇಡವಂತೆ. ಹೌದೇ?

ಅಲ್ಲ. ಆರು ಸೆಕೆಂಡಿನ ನಿಯಮ ಎಲ್ಲಿಯೂ ಇಲ್ಲ. ಅದನ್ನು ಹೇಳಿಕೊಟ್ಟವರು ನಿಮಗೆ ಏನನ್ನೋ ಮಾರುತ್ತಿದ್ದಾರೆ. ಅಮೆರಿಕದಲ್ಲಿ ರ‍್ಯಾಪರ್ ಬಿಜ್ ಮಾರ್ಕಿ ಅವರ ಮೇಲಿನ 1991ರ ಸ್ಯಾಂಪಲ್ ಪ್ರಕರಣದ ನ್ಯಾಯಾಧೀಶರು ಕದಿಯಬಾರದೆಂಬ ಬೈಬಲ್ಲಿನ ಆಜ್ಞೆಯಿಂದಲೇ ತೀರ್ಪು ಆರಂಭಿಸಿದ್ದರು. 2005ರಲ್ಲಿ ಆರನೆಯ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ, ಸುಮಾರು ಎರಡು ಸೆಕೆಂಡಿನ ಗಿಟಾರ್ ತುಣುಕಿನ ವಿಷಯದಲ್ಲಿ, ಪರವಾನಗಿ ಪಡೆಯಿರಿ ಇಲ್ಲವೇ ಸ್ಯಾಂಪಲ್ ಮಾಡಬೇಡಿ ಎಂದಿತು. 2016ರಲ್ಲಿ ಒಂಬತ್ತನೆಯ ಸರ್ಕ್ಯೂಟ್, ಕಾಲು ಸೆಕೆಂಡೂ ಇಲ್ಲದ ಒಂದು ತುತ್ತೂರಿ ಸದ್ದಿನ ವಿಷಯದಲ್ಲಿ, ಆ ತೀರ್ಪನ್ನು ಒಪ್ಪಲಿಲ್ಲ. ನ್ಯಾಯಾಲಯಗಳೇ ಒಮ್ಮತಕ್ಕೆ ಬಾರದ ಕಡೆ ನಾನು ಧೈರ್ಯ ಹೇಳುವವನಲ್ಲ. ಮುದ್ರಿಕೆಯ ಹಕ್ಕು ಬೇರೆ, ಹಾಡಿನ ರಚನೆಯ ಹಕ್ಕು ಬೇರೆ, ಎರಡಕ್ಕೂ ಒಪ್ಪಿಗೆ ಬೇಕು. ಸಣ್ಣ ಸಂಖ್ಯೆಯಲ್ಲಿ ಮಾರುವವರನ್ನು ಯಾರೂ ಕೇಳುವುದಿಲ್ಲ ಎಂಬುದು ಹಾಡು ಗೆಲ್ಲುವ ದಿನದ ತನಕ ಮಾತ್ರ ನಿಜ. ವಕೀಲರನ್ನು ಕೇಳಿ, ನನ್ನನ್ನಲ್ಲ.

ಪ್ರಶ್ನೆ: ಆ ಹಳೆಯ ಒರಟು ಧ್ವನಿಗೆ ಯಾವ ಪ್ಲಗಿನ್ (ಸಂಗೀತ ತಂತ್ರಾಂಶಕ್ಕೆ ಸೇರಿಸುವ ಸಲಕರಣೆ) ಕೊಳ್ಳಬೇಕು?

ಯಾವುದನ್ನೂ ಬೇಡ. ಸ್ಯಾಂಪಲ್ ಹಿಡಿಯುವ 1987ರ ಎಸ್‌ಪಿ-1200 ಯಂತ್ರ 12 ಬಿಟ್‌ನದು, ಅದರ ಒಟ್ಟು ಸ್ಯಾಂಪಲ್ ಅವಧಿ ಸುಮಾರು 10 ಸೆಕೆಂಡ್. ಜಾಗ ಸಾಲದೆ ಜನ ನಿಮಿಷಕ್ಕೆ 33 ಸುತ್ತಿನ ಧ್ವನಿತಟ್ಟೆಯನ್ನು 45 ಸುತ್ತಿನ ವೇಗದಲ್ಲಿ ಓಡಿಸಿ ಹಿಡಿದು, ಆಮೇಲೆ ಶ್ರುತಿ ಇಳಿಸುತ್ತಿದ್ದರು, ಆ ಒರಟುತನ ಬಂದದ್ದು ಅದರಿಂದ. ಜಾಗದ ಕೊರತೆಯೇ ಇಲ್ಲದ ಕಂಪ್ಯೂಟರಿನಲ್ಲಿ ಆ ಕೊರತೆಯ ಸದ್ದನ್ನು ದುಡ್ಡು ಕೊಟ್ಟು ಕೊಳ್ಳುವುದು, ಗ್ರಿಸೆಲ್ಡಾ ಮಾದರಿಯ ಬೀಟ್ ಕಲಿಸುತ್ತೇವೆಂದು ಶುಲ್ಕ ಕೇಳುವವರ ಹೊಟ್ಟೆ ತುಂಬಿಸುವುದು, ಎರಡೂ ವ್ಯರ್ಥ.

ಪ್ರಶ್ನೆ: ಇವರು ಹೇಳುವ ಅಪರಾಧಗಳೆಲ್ಲ ನಿಜವೇ?

ಈ ಪ್ರಶ್ನೆಯನ್ನು ಅಮೆರಿಕದ ಸರ್ಕಾರಿ ವಕೀಲರೂ ಕೇಳುತ್ತಾರೆ, ಸಾಹಿತ್ಯದ ಸಾಲುಗಳನ್ನೇ ಸಾಕ್ಷಿಯೆಂದು ನ್ಯಾಯಾಲಯಕ್ಕೆ ಒಯ್ಯುತ್ತಾರೆ. ಅದಕ್ಕೆ ಕಡಿವಾಣ ಹಾಕಲು ಕ್ಯಾಲಿಫೋರ್ನಿಯಾ 2022ರಲ್ಲಿ ಕಾನೂನು ಮಾಡಬೇಕಾಯಿತು. ನಾನು ಊಹಿಸುವುದಿಲ್ಲ, ನೀವೂ ಊಹಿಸಬೇಡಿ.

ಪ್ರಶ್ನೆ: ಡ್ರಿಲ್ ಎಂಬ ರ‍್ಯಾಪ್ ಪ್ರಕಾರ ಕೂಡ ಇದೇ ಪುನರುತ್ಥಾನದ ಭಾಗವೇ?

ಅಲ್ಲ, ಷಿಕಾಗೊದಲ್ಲಿ ಹುಟ್ಟಿ, ಲಂಡನ್‌ನಲ್ಲಿ ರೂಪ ಬದಲಿಸಿ, ಬ್ರೂಕ್ಲಿನ್‌ಗೆ ಮರಳಿದ ಬೇರೆಯೇ ಕವಲು ಅದು, ಅದರ ಜೀವ ಇರುವುದೇ ಡ್ರಮ್‌ನಲ್ಲಿ.

ಪ್ರಶ್ನೆ: ಇವರಲ್ಲಿ ಯಾರು ಎಲ್ಲರಿಗಿಂತ ದೊಡ್ಡವರು?

ಮುಂದಿನ ಪ್ರಶ್ನೆ.

ಪ್ರಶ್ನೆ: ಹೊಸಬರು ಎಲ್ಲಿಂದ ಕೇಳಲು ಆರಂಭಿಸಬೇಕು?

‘ಮಾರ್ಕ್‌ಬರ್ಗ್’, ‘ಗ್ರೀಫ್ ಪೆಡಿಗ್ರೀ’, ಕಾನ್ವೇ ಅವರ 2015ರ ‘ರಿಜೆಕ್ಟ್ 2’, ಈ ಕ್ರಮದಲ್ಲಿ. ಪ್ರತಿಯೊಂದನ್ನೂ ಹಾಡು ಹಾರಿಸದೆ, ಸಾಹಿತ್ಯದ ವಿವರಣೆಗಳನ್ನು ತೆರೆಯದೆ, ಕನಿಷ್ಠ ಎರಡು ಬಾರಿ ಪೂರ್ತಿ ಕೇಳಿ. ಕಾ ಅವರನ್ನು ಕೇಳುವಾಗ ಬೇರೆ ಕೆಲಸ ಇಟ್ಟುಕೊಳ್ಳಬೇಡಿ, ಒಂದು ಸಾಲು ತಪ್ಪಿದರೆ ಮುಂದಿನ ನಾಲ್ಕು ಸಾಲು ಅರ್ಥವಾಗುವುದಿಲ್ಲ. ಆಮೇಲೂ ಇದು ಡ್ರಮ್ ಹಾಕಲು ಮರೆತ ಸಂಗೀತ ಎಂದು ತೋರಿದರೆ ಬಿಟ್ಟುಬಿಡಿ, ದಯವಿಟ್ಟು ಆ ಬಗ್ಗೆ ನನಗೆ ಪತ್ರ ಬರೆಯಬೇಡಿ.